ಕಿತ್ತಳೆ ಬೆಲ್ಟ್ ಹೊರಡುವ ಮುನ್ನ

ಕೆಂಪು ಗುಂಡಿಯನ್ನು ಒತ್ತಿದ್ದು ಅವಳೇ.

ಒತ್ತಿದ ಮರುಕ್ಷಣ ಉದ್ದನೆಯ ಬೆಲ್ಟ್ ನರಳಿ ನಿಂತಿತು. ಅದರ ಮೇಲೆ ಉರುಳುತ್ತಿದ್ದ ಕಿತ್ತಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸುಮ್ಮನಾದವು. ಹಣ್ಣು ತುಂಬುವ ಪ್ಯಾಕಿಂಗ್ ಹೌಸಿನ ಉದ್ದಕ್ಕೂ ಸಾಲಾಗಿ ನಿಂತಿದ್ದ ಹೆಂಗಸರು ಕೈಯಲ್ಲಿದ್ದ ಹಣ್ಣನ್ನು ಹಾಗೇ ಹಿಡಿದುಕೊಂಡು ತಿರುಗಿ ನೋಡಿದರು.

"ಯಾರು ನಿಲ್ಲಿಸಿದ್ದು?"

ಯಂತ್ರದ ಹಿಂದಿನಿಂದ ಬಂದವನು ಎಫ್ರಾಯಿನ್. ಆ ಸಾಲಿನ ಹೊಸ ಸೂಪರ್‌ವೈಸರ್. ಕೊರಳಿನ ದಾರದಲ್ಲಿ ಗುರುತಿನ ಚೀಟಿ ತೂಗುತ್ತಿತ್ತು.

"ನಾನು" ಎಂದಳು ನಯೇಲಿ.

ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಅವಳು ನಿಂತಿದ್ದಳು. ಪೆಟ್ಟಿಗೆ ಅಲುಗಾಡುತ್ತಿತ್ತು. ಅವಳು ಮಾತ್ರ ತಲೆ ತಗ್ಗಿಸಲಿಲ್ಲ.

"ಆ ಗುಂಡಿ ಯಾಕಿದೆ ಗೊತ್ತಾ ನಿಮಗೆ? ಯಾರದಾದ್ರೂ ಕೈ ಸಿಕ್ಕಿಹಾಕ್ಕೊಂಡ್ರೆ ಒತ್ತೋಕೆ."

"ಇಲ್ಲಿ ಎಲ್ಲರ ಕೈಯೂ ಸಿಕ್ಕಿಹಾಕ್ಕೊಂಡೇ ಇದೆ. ನಿಮಗೆ ಕಾಣ್ತಿಲ್ಲ ಅಷ್ಟೆ."

ಯಾರೋ ಕಿಸಕ್ಕನೆ ನಕ್ಕರು.

"ಆರಕ್ಕೆ ಮೊದಲು ಬೆಲ್ಟ್ ಹೊರಡಲ್ಲ, ಆ ಹೊತ್ತು ನನ್ನ ವ್ಯಾಯಾಮದ್ದು ಅಂತ ಆಫೀಸು ಒಪ್ಪಿದೆ" ಎಂದಳು ನಯೇಲಿ. "ಗೋಡೆ ಗಡಿಯಾರ ನೋಡಿ. ಇನ್ನೂ ಆರಾಗಿಲ್ಲ. ನನ್ನ ಹೊತ್ತನ್ನ ನಾನು ವಾಪಸ್ ತಗೊಂಡೆ."

"ಉತ್ತರ ಕೊಡಪ್ಪ ಎಫ್ರಾ" ಎಂದು ಕೂಗಿದಳು ಟೆಂಚಾ. ಸಾಲಿನಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಬಾಯಿ ಜೋರು. "ನೀನು ಯೋಚನೆ ಮಾಡೋದ್ರಲ್ಲಿ ಈ ಕಿತ್ತಳೆ ಕೊಳೆತು ಹೋಗತ್ತೆ."

ಎಫ್ರಾಯಿನ್ ಗಡಿಯಾರ ನೋಡಿದ. ಅವಳನ್ನು ನೋಡಿದ. ಬೆಲ್ಟ್ ಓಡಿಸುವ ಕೀಲಿಯನ್ನು ಯಂತ್ರದಿಂದ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡ.

"ಮುಗಿಸಿ" ಎಂದಷ್ಟೇ ಹೇಳಿ ಹೋದ.

ಎಂಥ ಜಂಬ... ಎಂದುಕೊಂಡಳು ನಯೇಲಿ. ಆದರೆ ಕೈಗಳನ್ನು ಮೇಲೆತ್ತಿ "ಭುಜದಿಂದ ಶುರು ಮಾಡೋಣ" ಎನ್ನುವಾಗ ಅವನು ಗಡಿಯಾರ ನೋಡಿದ ರೀತಿ ಮತ್ತೆ ನೆನಪಾಯಿತು. ತನ್ನ ತಪ್ಪನ್ನು ತಾನೇ ಓದಿಕೊಂಡವನ ಹಾಗೆ ನೋಡಿದ್ದ.

ಹತ್ತಿರದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ವ್ಯಾಯಾಮ ವಿಜ್ಞಾನ ಓದುತ್ತಿದ್ದ ಅವಳಿಗೆ ಅದು ಕೊನೆಯ ವರ್ಷ. "ಜಿಮ್ಮಲ್ಲಿ ಟ್ರೇನರ್ ಆಗು, ಸರ್ಟಿಫಿಕೇಟ್ ಸಾಕು. ನಿನ್ನಂಥವರಿಗೆ ವಿಶ್ವವಿದ್ಯಾಲಯ ದೂರದ ದಾರಿ" ಎಂದಿದ್ದ ಅಲ್ಲಿನ ಸಲಹೆಗಾರ. "ನನ್ನಂಥವರು ಅಂದ್ರೆ ಯಾರು ಸರ್?" ಎಂದು ಕೇಳಿ ಎದ್ದು ಬಂದಿದ್ದಳು. ಅಂದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು.

ಸೀಟು ಸಿಕ್ಕಿತ್ತು. ಒಂದೇ ಒಂದು ಷರತ್ತು. ದುಡಿಯುವ ಜನರ ಜೊತೆ ಈ ಚಳಿಗಾಲದ ತರಬೇತಿ ಮುಗಿಯಬೇಕು. ಕೊನೆಯಲ್ಲಿ ಅವಳ ಅಧ್ಯಾಪಕಿ ಮಿಸ್ ಹ್ಯಾಡ್ಲಿ ಬಂದು ಅದೇ ಜನ ವ್ಯಾಯಾಮ ಮಾಡುವುದನ್ನು ಕಣ್ಣಾರೆ ನೋಡಬೇಕು. ನೋಡದಿದ್ದರೆ ಸೀಟು ಹೋಯಿತು.

ನಯೇಲಿ ಬೇರೆಲ್ಲೂ ಹುಡುಕಲಿಲ್ಲ. ಅವಳ ಅಮ್ಮ ಚಾಯೊ ಇಪ್ಪತ್ತು ವರ್ಷದಿಂದ ಹಣ್ಣು ತುಂಬುತ್ತಿದ್ದ ಸಾಲಿಗೇ ಬಂದಳು.

ಮರುದಿನ ಪೆಟ್ಟಿಗೆ ಅಲುಗಾಡಲಿಲ್ಲ. ಬಗ್ಗಿ ನೋಡಿದರೆ ತಳಕ್ಕೆ ಎರಡು ಮರದ ಪಟ್ಟಿ ಹೊಡೆದಿದ್ದರು. ಮೊಳೆಗಳು ಹೊಸವು.

ಯಾರು? ಕೇಳಲಿಲ್ಲ. ಆಚೆ ಕಡೆ ಎಫ್ರಾಯಿನ್ ಬೇಡದಷ್ಟು ಗಂಭೀರವಾಗಿ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ.

ಹಾಗೇ ಚಳಿಗಾಲ ಸಾಗಿತು. ಬೆಳಿಗ್ಗೆ ಮಂಜು ಎಷ್ಟು ದಟ್ಟವೆಂದರೆ ಗೇಟಿನ ಎದುರಿನ ತಿಂಡಿ ಗಾಡಿಯ ದೀಪವಷ್ಟೇ ಕಾಣುತ್ತಿತ್ತು. ಅಲ್ಲಿ ನಯೇಲಿ, ಎಫ್ರಾಯಿನ್ ಇಬ್ಬರೂ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ತಿನ್ನುತ್ತಾ ನಿಲ್ಲುವುದು ಅಭ್ಯಾಸವಾಯಿತು.

"ಇದನ್ನ ಓದಿ ಕೊನೆಗೆ ಏನಾಗ್ತೀರಿ?" ಎಂದು ಒಂದು ದಿನ ಕೇಳಿದ ಅವನು.

"ಫುಟ್‌ಬಾಲ್ ತಂಡದ ಜೊತೆ ಒಬ್ಬರು ಇರ್ತಾರಲ್ಲ... ಆಟಗಾರನ ಮಂಡಿ ಹೋಗೋಕೆ ಮೊದಲೇ ನೋಡಿಕೊಳ್ಳೋರು? ಅದು. ಆದ್ರೆ ಫುಟ್‌ಬಾಲಿಗಲ್ಲ, ಇಂಥ ಜಾಗಕ್ಕೆ. ಟೆಂಚಾ ಚಿಕ್ಕಮ್ಮ ದಿನಕ್ಕೆ ಎಷ್ಟು ಸಲ ಕೈ ತಿರುಗಿಸ್ತಾರೆ, ನೋಡಿದೀರಾ? ಯಾವ ಆಟಗಾರ ಅಷ್ಟು ಆಡ್ತಾನೆ? ಈಗೀಗ ಗೋದಾಮುಗಳಲ್ಲಿ, ಕಾರ್ಖಾನೆಗಳಲ್ಲಿ ಆ ಕೆಲಸ ಇದೆ. ಕಿತ್ತಳೆಗೂ ಬರಲೇಬೇಕು."

ಅವನು ತಮಾಲೆಯ ಸಿಪ್ಪೆಯನ್ನು ಮಡಚುತ್ತಾ ನಿಂತ. "ನಾನೂ ಆ ಕಾಲೇಜಿಗೆ ಹೋಗಿದ್ದೆ. ಅರ್ಧ ವರ್ಷ. ಇಲ್ಲೇ ದುಡೀತಿದ್ದ ಅಪ್ಪನ ಭುಜ ಹೋಯ್ತು, ನಾನು ಸಾಲಿಗೆ ಬಂದೆ."

"ಮತ್ತೆ ಹೋಗ್ಬೋದಲ್ಲ?"

"ನೀವು ಎಲ್ಲದಕ್ಕೂ ಹೀಗೇನಾ? ಗುಂಡಿ ಕಂಡ್ರೆ ಒತ್ತೋದು?"

ಅವಳು ನಕ್ಕಳು. ಆ ದಿನವೆಲ್ಲ ಯಾಕೋ ನಗು ಮುಖದಿಂದ ಇಳಿಯಲೇ ಇಲ್ಲ.

ಆಮೇಲೆ ಅವಳು ಒಂದು ತಪ್ಪು ಮಾಡಿದಳು.

ಕಾಲೇಜಿನಲ್ಲಿ ಕಲಿಸಿದ್ದು ಇಷ್ಟು: ವ್ಯಾಯಾಮ ಮಾಡಿಸಿದ ಮೇಲೆ ಅಳೆದು ನೋಡು. ಅಳತೆ ಇಲ್ಲದಿದ್ದರೆ ಅದು ವಿಜ್ಞಾನವಲ್ಲ. ಹಾಗಾಗಿ ಅವಳು ಪ್ರಯೋಗಾಲಯದಿಂದ ಮುಷ್ಟಿಯ ಬಲ ಅಳೆಯುವ ಉಪಕರಣ ತಂದಳು. ಹಿಡಿ ಹಿಂಡಿದರೆ ಮುಳ್ಳು ಏರುತ್ತದೆ.

ಹೆಂಗಸರು ಜಾತ್ರೆಯ ಆಟದ ಹಾಗೆ ಮುಗಿಬಿದ್ದರು.

"ಕೊಡಿಲ್ಲಿ. ನನ್ನ ಗಂಡನ ಕುತ್ತಿಗೆ ಅಂದ್ಕೊಂಡು ಹಿಂಡ್ತೀನಿ" ಎಂದಳು ಟೆಂಚಾ.

ಚಾಯೊ ಹಿಂಡಿದಾಗ ಮಾತ್ರ ಮುಳ್ಳು ಮೇಲೇಳಲೇ ಇಲ್ಲ.

"ಬೆಳಿಗ್ಗೆ ಚಳಿ ಮಗಳೇ" ಎಂದು ನಕ್ಕು ಅಮ್ಮ ಕೈಯನ್ನು ಏಪ್ರನ್ನಿನ ಜೇಬಿಗೆ ಸೇರಿಸಿದಳು. ನಯೇಲಿಯ ಭುಜದ ಹಿಂದೆಯೇ ಎಫ್ರಾಯಿನ್ ನಿಂತಿದ್ದ. ಅವನೂ ಆ ಮುಳ್ಳು ನೋಡಿದ.

ಎರಡು ದಿನ ಕಳೆದು ನಯೇಲಿ ಬಂದಾಗ ಅಮ್ಮ ಸಾಲಿನಲ್ಲಿರಲಿಲ್ಲ. ಮೂಲೆಯ ಮೇಜಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಹೊಸದಾಗಿ ಬಂದ ಹುಡುಗಿಯರಿಗೆ ಕೊಡುವ ಕೆಲಸ ಅದು.

"ಭುಜದಿಂದ ಶುರು ಮಾಡೋಣ" ಎಂದಳು ನಯೇಲಿ.

ಒಂದು ಕೈಯೂ ಮೇಲೇಳಲಿಲ್ಲ.

"ನಾವು ಪೆದ್ದರಲ್ಲ ಕಣೇ" ಎಂದಳು ಟೆಂಚಾ. ದನಿಯಲ್ಲಿ ತಮಾಷೆಯಿರಲಿಲ್ಲ. "ನಿನ್ನ ಕಾಲೇಜಲ್ಲಿ ಅದು ಬರೀ ಅಳತೆ. ಇಲ್ಲಿ ಯಾರ ಕೈ ಸೋತಿದೆ ಅಂತ ಗೊತ್ತಾದ್ರೆ ಮುಂದಿನ ಹಂಗಾಮಿಗೆ ಅವಳನ್ನ ಕರೆಯಲ್ಲ. ಮೊದಲು ನಿಮ್ಮಮ್ಮ. ನಾಳೆ ಯಾರು?"

ಇದನ್ನು ನಯೇಲಿ ಯೋಚಿಸಿಯೇ ಇರಲಿಲ್ಲ. ಅಳೆಯುವುದನ್ನು ಕಲಿಸಿದ್ದರು. ಅಳತೆ ಯಾರ ಕೈಗೆ ಹೋಗುತ್ತದೆ ಎಂದು ಯಾರೂ ಕಲಿಸಿರಲಿಲ್ಲ.

ಅವಳು ನೇರ ಎಫ್ರಾಯಿನ್ ಬಳಿ ಹೋದಳು.

"ನನ್ನ ಅಮ್ಮನ್ನ ಮೂಲೆಗೆ ಹಾಕಿದ್ದು ನೀವೇ ತಾನೇ?"

"ಹೌದು."

"ಆ ಮುಳ್ಳು ನೋಡಿ?"

"ಕಾರಣ ಹೇಳೋಕಾಗಲ್ಲ ನಯೇಲಿ."

"ಹೇಳೋಕಾಗಲ್ವಾ, ಧೈರ್ಯ ಇಲ್ವಾ? ನಿಮ್ಮಪ್ಪನ ಭುಜ ಹೋದಾಗಲೂ ಯಾರೋ ಹೀಗೇ ಮೂಲೆಗೆ ತಳ್ಳಿರ್ತಾರೆ. ಅವರ ಕುರ್ಚೀಲಿ ಇವತ್ತು ನೀವು ಕೂತಿದೀರಿ. ಅಷ್ಟೇ ವ್ಯತ್ಯಾಸ."

ಅವನು ಎಣ್ಣೆಯ ಡಬ್ಬಿ ಎತ್ತಿಕೊಂಡು ಯಂತ್ರದ ಹಿಂದಕ್ಕೆ ಹೋದ. ಅವಳಿಗೆ ಅದರಿಂದಲೇ ಹೆಚ್ಚು ನೋವಾಯಿತು. ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ?

ಮಧ್ಯಾಹ್ನ ಪ್ಯಾಕಿಂಗ್ ಹೌಸಿನ ಮ್ಯಾನೇಜರ್ ಅವಳನ್ನು ಕರೆಸಿದ.

"ಮುಷ್ಟಿಯ ಬಲ ಅಳೀತೀನಿ ಅಂತ ನಮಗೆ ಕೊಟ್ಟ ಅರ್ಜಿಯಲ್ಲೇ ನೀನು ಬರೆದಿದ್ದೆ. ಫಲಿತಾಂಶ ನಮಗೂ ಕೊಡಮ್ಮ. ಹಂಗಾಮಿಗೆ ಜನ ಆರಿಸೋಕೆ ಅನುಕೂಲ. ಎಫ್ರಾಯಿನ್‌ನ ಕೇಳಿದೆ, ಅವನು ನಾನೇನೂ ನೋಡ್ಲಿಲ್ಲ ಅಂತಾನೆ."

ನಯೇಲಿ ತಲೆಯೆತ್ತಿದಳು. ನೋಡಲಿಲ್ಲ ಅಂದನೇ?

ಹಾಗಾದರೆ... ಅಮ್ಮ ಮೂಲೆಯಲ್ಲಿ ಯಾಕೆ?

"ಕೊಡಲ್ಲ ಸರ್" ಎಂದಳು.

"ಏನಂದೆ?"

"ಆ ಅಳತೆ ಹಿಂಡಿದ ಕೈಗೆ ಸೇರಿದ್ದು. ನನ್ನದೂ ಅಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ."

"ಹಾಗಾದ್ರೆ ನಾಳೆಯಿಂದ ಗೇಟಿನ ಒಳಗೆ ಬರಬೇಡ. ನಿನ್ನ ಟೀಚರ್ ನಾಳೆ ಬರೋದಿತ್ತಲ್ವಾ? ಪಾಪ."

ಅವಳು ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು: "ಗೇಟಿನ ಒಳಗೆ ಬರಲ್ಲ ಸರ್. ರಸ್ತೆ ನಿಮ್ಮದಲ್ಲ."

ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಪ್ರತಿಯೊಬ್ಬಳ ಕೈಗೂ ಅವಳದೇ ಅಳತೆಯ ತುಂಡು ಕಾಗದ ಕೊಟ್ಟಳು.

"ನನ್ನ ಹತ್ರ ಇನ್ನು ಏನೂ ಇಲ್ಲ. ಹರಿದು ಹಾಕಿ, ಸುಟ್ಟು ಹಾಕಿ, ನಿಮ್ಮಿಷ್ಟ. ಯೋಚಿಸದೆ ಅಳೆದಿದ್ದು ನನ್ನ ತಪ್ಪು. ನಾಳೆ ಬೆಳಿಗ್ಗೆ ತಿಂಡಿ ಗಾಡಿ ಪಕ್ಕದ ಬಯಲಲ್ಲಿ ಇರ್ತೀನಿ. ಬರೋರು ಬನ್ನಿ."

ಟೆಂಚಾ ತನ್ನ ಚೀಟಿಯನ್ನು ದೂರ ಹಿಡಿದು ಓದಿದಳು. "ಇಷ್ಟೇನಾ? ಗಂಡ ಬದುಕಿರೋದು ಅದಕ್ಕೇ" ಎಂದು ಅದನ್ನು ರವಿಕೆಯೊಳಗೆ ಸೇರಿಸಿ ನಡೆದಳು.

ಮರುದಿನ ಮಂಜಿನಲ್ಲಿ ಮಿಸ್ ಹ್ಯಾಡ್ಲಿಯ ಕಾರು ಬಂದು ನಿಂತಿತು. ಬಯಲಿನಲ್ಲಿ ನಯೇಲಿ ಒಬ್ಬಳೇ.

"ಎಲ್ಲಿ ನಿನ್ನ ಜನ?"

"ಬರ್ತಾರೆ ಮಿಸ್." ದನಿ ಗಟ್ಟಿಯಾಗಿತ್ತು. ನಂಬಿಕೆ ಅಷ್ಟು ಗಟ್ಟಿಯಾಗಿರಲಿಲ್ಲ.

ಮೊದಲು ಬಂದಿದ್ದು ಚಾಯೊ. ಅವಳ ಹಿಂದೆ, ನೋಡಿಕೊಂಡು ಹೋಗೋಣ ಎನ್ನುವವರ ಹಾಗೆ, ಟೆಂಚಾ ಮತ್ತು ಉಳಿದವರು ಗಾಡಿಯ ಬಳಿ ನಿಂತರು. ಚಾಯೊ ಮಗಳ ಎದುರು ನಿಂತು ಬಲಗೈ ಚಾಚಿದಳು.

"ಹೆಬ್ಬೆರಳು, ಅದರ ಪಕ್ಕದ್ದು, ನಡುವಿನದು... ಕ್ರಿಸ್‌ಮಸ್‌ನಿಂದ ಜೋಮು ಹಿಡಿದಿವೆ. ರಾತ್ರಿ ಉರೀತವೆ. ಹಣ್ಣು ಜಾರಿ ಬೀಳ್ತಿತ್ತು. ನಾನೇ ಎಫ್ರಾಯಿನ್‌ನ ಕೇಳ್ಕೊಂಡೆ, ಮೇಜಿಗೆ ಹಾಕಪ್ಪ ಅಂತ."

"ಅಮ್ಮ..."

"ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿದ್ದೂ ನಾನೇ. ಗೊತ್ತಾದ್ರೆ ನೀನು ಕಾಲೇಜು ಬಿಟ್ಟು ನನ್ನ ಜಾಗಕ್ಕೆ ಬಂದು ನಿಲ್ತೀಯ. ನಾನು ನಿನ್ನ ಹೆತ್ತವಳು, ನಿನ್ನ ಹಟ ನನಗೆ ಗೊತ್ತಿಲ್ವಾ? ನಿನ್ನೆ ನೀನು ಆ ಹುಡುಗನಿಗೆ ಅಂದ ಮಾತು ಕೇಳಿಸಿಕೊಂಡೆ. ನಿದ್ದೆ ಬರಲಿಲ್ಲ."

ನಯೇಲಿ ಅಮ್ಮನ ಮಣಿಕಟ್ಟು ಹಿಡಿದಳು. ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದಿದ್ದಳು, ಅಲ್ಲಿ ಅಮುಕಿಹೋಗುವ ಇದೇ ನರದ ಬಗ್ಗೆ. ಮನೆಯಲ್ಲಿ ಅಮ್ಮ ರಾತ್ರಿಯೆಲ್ಲ ಕೈ ಕೊಡವುತ್ತಿದ್ದುದು ಮಾತ್ರ ಕಂಡಿರಲಿಲ್ಲ.

"ನಾಳೆ ಕ್ಲಿನಿಕ್‌ಗೆ ಹೋಗೋಣ. ಕಾಲೇಜೂ ಬಿಡಲ್ಲ. ಎರಡೂ."

"ಅಳ್ತಾ ನಿಂತ್ರೆ ಬೆವರು ಬರಲ್ಲ ಕಣ್ರೇ" ಎಂದು ಟೆಂಚಾ ಮೂಗೊರೆಸಿಕೊಂಡು ಮುಂದೆ ಬಂದಳು. "ಭುಜದಿಂದ ತಾನೇ?"

ಸಾಲು ಕೂಡಿತು. ಕೈಗಳು ಮೇಲೆದ್ದವು.

ಆಗ ಮಂಜಿನೊಳಗಿಂದ ಇನ್ನೊಬ್ಬ ಬಂದು ಸಾಲಿನ ಕೊನೆಯಲ್ಲಿ ನಿಂತ. ಕೈಯಲ್ಲಿ ಪಟ್ಟಿ ಹೊಡೆದ ಅದೇ ಪೆಟ್ಟಿಗೆ. ಅದನ್ನು ನಯೇಲಿಯ ಮುಂದಿಟ್ಟು, ಹಿಂದಕ್ಕೆ ಹೋಗಿ, ತಾನೂ ಕೈ ಎತ್ತಿದ.

ರಸ್ತೆಯಾಚೆ ಪ್ಯಾಕಿಂಗ್ ಹೌಸಿನ ಸೀಟಿ ಕೂಗಿತು, ಹೊತ್ತಿಗೆ ಮೊದಲೇ. ಎಫ್ರಾಯಿನ್‌ನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವನು ಕೈ ಇಳಿಸಲಿಲ್ಲ.

"ಬೆಲ್ಟ್ ಹೊರಡ್ತಿದೆಯೇನೋ ಎಫ್ರಾ" ಎಂದಳು ಟೆಂಚಾ.

"ಕೀಲಿ ಇಲ್ಲಿದೆ. ಆರಕ್ಕೆ ಹೊರಡತ್ತೆ. ಒಂದು ನಿಮಿಷ ಮೊದಲೂ ಅಲ್ಲ."

ಮಿಸ್ ಹ್ಯಾಡ್ಲಿ ಕೊನೆಯವರೆಗೂ ನೋಡಿದರು. "ಭುಜದ ವ್ಯಾಯಾಮ ಸ್ವಲ್ಪ ಅವಸರವಾಯಿತು. ಉಳಿದದ್ದರಲ್ಲಿ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ತರಬೇತಿ ಮುಗಿಯಿತು, ನಯೇಲಿ" ಎಂದು ಕಾರು ಹತ್ತಿದರು.

ಹೆಂಗಸರು ರಸ್ತೆ ದಾಟಿದರು. ಇಬ್ಬರೇ ಉಳಿದರು.

"ನಾನು ಅಂದಿದ್ದು..." ಎಂದಳು ನಯೇಲಿ. "ನಿಮ್ಮಪ್ಪನ ವಿಷಯ ಎತ್ತಬಾರದಿತ್ತು."

"ಎತ್ತಿದ್ದು ಸರಿ. ಅವರನ್ನ ನಿಜವಾಗ್ಲೂ ಮೂಲೆಗೆ ತಳ್ಳಿದ್ರು."

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ. ನಾನು ನಿಮ್ಮನ್ನ ದ್ವೇಷ ಮಾಡ್ತಿರಲಿಲ್ಲ."

"ಆಣೆ ಇತ್ತು. ಮತ್ತೆ... ನೀವು ಕಾಲೇಜು ಬಿಡೋದಕ್ಕಿಂತ ನನ್ನನ್ನ ದ್ವೇಷ ಮಾಡೋದೇ ವಾಸಿ ಅನ್ನಿಸ್ತು."

ಅವಳು ಸಿಡುಕಿದಳು. "ಇವತ್ತು ನಿಮ್ಮ ಕೆಲಸ ಹೋಗತ್ತೆ, ಗೊತ್ತಾ?"

"ಹೋದ್ರೆ ಹೋಗಲಿ. ಯಾರೋ ಹೇಳಿದ್ರು, ಮತ್ತೆ ಕಾಲೇಜಿಗೆ ಹೋಗ್ಬೋದಲ್ಲ ಅಂತ." ಅವನು ಅವಳ ಚೀಲದತ್ತ ನೋಡಿದ. "ಎಲ್ಲರ ಕೈಯನ್ನೂ ಅಳೆದಿರಿ. ನನ್ನದನ್ನ ಅಳೀಲೇ ಇಲ್ಲ."

ಅವಳು ಉಪಕರಣ ಹೊರಗೆ ತೆಗೆದಳು. ಒಂದು ಕ್ಷಣ ನೋಡಿ, ಮತ್ತೆ ಚೀಲದೊಳಗೆ ಹಾಕಿದಳು. ತನ್ನ ಬರಿಗೈಯನ್ನೇ ಚಾಚಿದಳು.

"ಹಿಡಿ."

ಇಷ್ಟು ದಿನ ಇದ್ದ 'ನೀವು' ಎಲ್ಲಿ ಹೋಯಿತೋ ಇಬ್ಬರೂ ಹುಡುಕಲಿಲ್ಲ. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು, ಕಿತ್ತಳೆ ಸಿಪ್ಪೆಯ ವಾಸನೆಯಿತ್ತು.

"ಎಷ್ಟು ಬಂತು?" ಎಂದು ಮೆಲ್ಲಗೆ ಕೇಳಿದ.

"ಹೇಳಲ್ಲ. ಅದು ಹಿಡಿದವನಿಗೇ ಸೇರಿದ್ದು. ನಿನಗೇ ಗೊತ್ತಾಗಬೇಕು."

"ಗೊತ್ತಾಗೋಕೆ ತುಂಬ ಹೊತ್ತು ಬೇಕು ನಯೇಲಿ."

ಅವಳು ತಿಂಡಿ ಗಾಡಿಯೊಳಗಿನ ಗಡಿಯಾರದತ್ತ ನೋಡಿದಳು.

"ಇನ್ನೂ ಆರಾಗಿಲ್ಲ" ಎಂದಳು.