ಹದಿನೇಳರ ಪಾನಾ

ಎರಡೇ ಎರಡು ಮಾತು ಹೇಳಿ ಬಂದುಬಿಡಬೇಕೆಂದು ಶೈಲಶ್ರೀ ಜನವರಿ ಇಪ್ಪತ್ತಾರರ ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟಿದ್ದಳು. ‘ಇನಾಸ, ಮನಿಯೊಳಗ ನನಗ ಹುಡುಗನ್ನ ನೋಡ್ಯಾರ. ಇನ್ನ ನಾವು ಭೇಟಿ ಆಗೂದು ಬ್ಯಾಡ.’ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡಳು. ಎಂಟು ಗಂಟೆಯ ಹೊತ್ತಿಗೆ ನೋಡಿದರೆ, ರಾಂಜಣಗಾಂವದ ಪುಟ್ಟ ಚರ್ಚಿನ ಅಂಗಳದಲ್ಲಿ ಮರದ ಕುದುರೆಯ ಮೇಲೆ ಕೂತಿದ್ದಳು. ತಲೆಗೆ ಕಿರೀಟ, ಕೈಯಲ್ಲಿ ಖಡ್ಗ, ಸೊಂಟಕ್ಕೆ ಕಬ್ಬಿಣದ ಪಟ್ಟಿ. ಹೇಳಬೇಕಾದ ಎರಡು ಮಾತು ಮಾತ್ರ ಗಂಟಲಲ್ಲೇ ಇದ್ದವು.

ಆದದ್ದಿಷ್ಟು. ಖಾನಾಪುರ, ಬೆಳಗಾವಿ ಕಡೆಯಿಂದ ಈ ಮರಾಠಿ ಸೀಮೆಯ ಕಾರ್ಖಾನೆಗಳಿಗೆ ಬಂದ ಹದಿನಾಲ್ಕು ಜನ ಕ್ಯಾಥೊಲಿಕ್ ಗಂಡಸರ ಒಂದು ಸಂಘವಿದೆ, ಸಂತ ಜಾರ್ಜ್ ಬಂಧು ಸಂಘ. ಪಂಚಾಯತಿಯವರು ಗಣರಾಜ್ಯೋತ್ಸವದ ಮೆರವಣಿಗೆಗೆ ಈ ಸಲವೇ ಮೊದಲು ಅವರನ್ನು ಕರೆದಿದ್ದರು. ಹಿಗ್ಗಿನಲ್ಲಿ ಸಂಘದವರು ಕಿತ್ತೂರು ಚೆನ್ನಮ್ಮನ ದೃಶ್ಯ ಮಾಡುವುದೆಂದು ನಿಶ್ಚಯಿಸಿದರು. ಕುದುರೆ ಹೇಗೂ ಇತ್ತು. ಹಬ್ಬದ ದಿನ ಸಂತ ಜಾರ್ಜನ ವೇಷ ಹಾಕಿ ಇನಾಸ ಏರುತ್ತಿದ್ದ ಕುದುರೆ ಅದು. ಎರಡೂ ಮುಂಗಾಲು ಎತ್ತಿ ನಿಂತದ್ದರಿಂದ, ಟ್ರ್ಯಾಕ್ಟರಿನ ಟ್ರಾಲಿ ಕುಲುಕಿದಾಗ ಸವಾರ ಬೀಳಬಾರದೆಂದು ಬೆನ್ನಿನ ಸರಳಿಗೆ ಸೊಂಟಪಟ್ಟಿ ಸೇರಿಸಿ ಬೋಲ್ಟು ಹಾಕುತ್ತಾರೆ. ಆ ಸಂತ ಕೊಲ್ಲುವ ಘಟಸರ್ಪದ ಬೊಂಬೆಯನ್ನು ಸ್ಟೋರಿನಲ್ಲೇ ಬಿಟ್ಟು ಕುದುರೆಯನ್ನಷ್ಟೇ ಹೊರಗೆ ತಂದಿದ್ದರು. ಆದರೆ ರಾಣಿಯಾಗಬೇಕಿದ್ದ ಹೆಂಗಸಿಗೆ ಜ್ವರ.

“ದೇವರ ಕಳಿಸ್ಯಾನವ್ವಾ ನಿನ್ನ!” ಎಂದರು ಸಂಘದ ಹಿರಿಯ ಪಾಸ್ಕು ಕಾಕಾ, ಅವಳನ್ನು ಕಂಡದ್ದೇ ತಡ. “ಬರೇ ಒಂದು ತಾಸು. ಇಲ್ಲ ಅನಬ್ಯಾಡ.”

ಇಲ್ಲ ಅನ್ನಲು ಬರುವುದಿದ್ದರೆ ಶೈಲಶ್ರೀಯ ಬದುಕು ಇಷ್ಟು ಸಿಕ್ಕಾಗುತ್ತಲೇ ಇರಲಿಲ್ಲ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದಿನಕ್ಕೆ ನೂರು ಬ್ರೇಕ್ ಪಾರ್ಟುಗಳಿಗೆ ಕೆಂಪು ಬಣ್ಣ ಬಳಿದು ‘ರಿಜೆಕ್ಟ್’ ಎನ್ನುವವಳು ಅವಳೇ. ಮನುಷ್ಯರ ಎದುರು ಮಾತ್ರ ಬಾಯಿಗೆ ಬರುವುದು ‘ಹೂಂ’ ಒಂದೇ. ನಾಲ್ಕು ವರ್ಷದ ಹಿಂದೆ ಫಿಟರ್ ಇನಾಸ “ನಿನಗ ಕಾಯಲೇನು?” ಎಂದಾಗ ಹೂಂ ಎಂದಿದ್ದಳು. ಹೋದ ವಾರ ಅಪ್ಪ “ವಿಮಾನ ನಗರದವರು ಇಪ್ಪತ್ತಾರಕ್ಕ ಹನ್ನೊಂದಕ್ಕ ನಿನ್ನ ನೋಡಾಕ ಬರ್ತಾರ” ಎಂದಾಗಲೂ ಹೂಂ ಎಂದಿದ್ದಳು. ಈಗ ಪಾಸ್ಕು ಕಾಕಾಗೂ ಹೂಂ. ಹತ್ತರೊಳಗೆ ಮುಗಿಯುತ್ತದೆ, ಮುಖದ ಬಣ್ಣದಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಪಟ್ಟಿ ಹಾಕಿದವನು ಇನಾಸನೇ. ಅವಳ ಬೆನ್ನ ಹಿಂದೆ ಬಗ್ಗಿ, ಹದಿನೇಳರ ಪಾನಾ, ಎಂದರೆ ಸ್ಪ್ಯಾನರ್, ಹಿಡಿದು ನಟ್ಟು ತಿರುಗಿಸಿದ. ಅವನ ಉಸಿರು ಅವಳ ಮೊಣಕೈಗೆ ತಾಗಿತು.

“ಬಿಗಿ ಆತೇನ್ರಿ, ರಾಣಿಯವರ?”

“ಇನಾಸ, ನಿನ್ನ ಕೂಡ ಒಂದು ಮಾತು...”

ಗಣಗಣ ಗಂಟೆ ಮೊಳಗಿತು. ಬಾರಿಸಿದವರು ಪಾಸ್ಕು ಕಾಕಾ. ಸಂಘದ್ದೊಂದು ಹಳೆಯ ವ್ರತ: ಗಂಟೆ ಬಾರಿಸಿದ ಮೇಲೆ ಕುದುರೆ ಏರಿದವರು ಇಳಿಯುವವರೆಗೆ ತುಟಿ ಬಿಚ್ಚಬಾರದು, ಕೈಕಾಲು ಆಡಿಸಬಾರದು. ಮುರಿದರೆ ಇಡೀ ಸಂಘಕ್ಕೇ ಅಪಶಕುನವೆಂದು ನಂಬುತ್ತಿದ್ದರು. ಶೈಲಶ್ರೀಯ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಅವಸರದಲ್ಲಿ ಇನಾಸ ಪಾನಾವನ್ನು ಚರ್ಚಿನ ಕಟ್ಟೆಯ ಮೇಲೇ ಬಿಟ್ಟು ಟ್ರಾಲಿ ಹತ್ತಿದ.

ತಲೆಗೆ ರುಮಾಲು ಸುತ್ತಿ ರಾಣಿಯ ಸೈನಿಕನಾಗಿದ್ದ ಅವನು ಲಗಾಮು ಹಿಡಿದು ಅವಳ ಎಡಗಾಲಿನ ಪಕ್ಕದಲ್ಲೇ ನಿಂತ. ಅವಳಿಗೆ ಮಾತ್ರ ಮೌನ, ಅವನಿಗಲ್ಲ. ಸಿಕ್ಕ ಅವಕಾಶವನ್ನು ಅವನು ಬಿಡುತ್ತಾನೆಯೇ?

“ಆರು ವರ್ಷ ಇದರ ಮ್ಯಾಲೆ ಕುಂತೇನಿ ನಾ,” ಎಂದ ತುಟಿಯಂಚಿನಲ್ಲಿ. “ಮೊದಲು ಮೂಗು ಕಡೀತದ. ಆಮ್ಯಾಲೆ ಬೆನ್ನು.”

ತಕ್ಷಣ ಅವಳ ಮೂಗು ತುರಿಸತೊಡಗಿತು. ಅವಳು ಕಣ್ಣಂಚಿನಿಂದ ದುರುಗುಟ್ಟಿದಳು. ಕಾಡಿಗೆ ಹಚ್ಚಿದ ಕಣ್ಣು ಪೂರ್ತಿ ತಿರುಗದೆ, ಅರ್ಧಕ್ಕೆ ಅವನ ರುಮಾಲಿನ ತುದಿಗೆ ಬಂದು ನಿಂತಿತು. ಅಷ್ಟರಲ್ಲೇ ಅವಳ ಸಿಟ್ಟು ಅವನಿಗೆ ತಿಳಿಯಿತು.

“ಸಿಟ್ಟಿಗೇಳಬ್ಯಾಡ. ಚೆನ್ನಮ್ಮ ಇಂಗ್ರೇಜರ ಮ್ಯಾಲೆ ಸಿಟ್ಟಾಗಿದ್ಲು, ಸ್ವಂತ ಸೈನಿಕರ ಮ್ಯಾಲೆ ಅಲ್ಲ.”

ನಗು ಬಂದು ಎದೆಯಲ್ಲೇ ಸಿಕ್ಕಿಕೊಂಡಿತು. ಅದರ ಹಿಂದೆಯೇ ಸಂಕಟ ಬಂತು. ಇವನನ್ನು ಬಿಟ್ಟು ಇವತ್ತು ಹನ್ನೊಂದಕ್ಕೆ ಇನ್ನೊಬ್ಬರ ಎದುರು ಚಹಾದ ಟ್ರೇ ಹಿಡಿದು ನಿಲ್ಲಬೇಕು. ಅದನ್ನು ಹೇಳಲೆಂದೇ ಬಂದವಳು, ಈಗ ಅವನ ಮಾತು ಕೇಳುತ್ತ ಕೂತಿದ್ದಾಳೆ. ಓಡಿಹೋಗಲೂ ಆಗದು, ಅಳಲೂ ಆಗದು.

ಮುಂದೆ ಸಂಘದ ಗಂಡಸರು ಕೆಂಪು ಮೇಲಂಗಿ ತೊಟ್ಟು ಎರಡು ಸಾಲಿನಲ್ಲಿ ಹೊರಟಿದ್ದರು. ಪಾಪ, ಅವರಿಗೆ ಗೊತ್ತಿದ್ದದ್ದು ಒಂದೇ ನಡಿಗೆ. ಶುಭ ಶುಕ್ರವಾರದ ಶೋಕದ ನಡಿಗೆ. ಒಂದು ಹೆಜ್ಜೆ, ಒಂದು ನಿಲುಗಡೆ, ಮತ್ತೊಂದು ಹೆಜ್ಜೆ. ಮುಂದಿದ್ದ ಶಾಲೆಯ ಬ್ಯಾಂಡು ಎಲ್ಲೋ ಕಣ್ಮರೆಯಾಯಿತು. “ಚಲಾ ಚಲಾ, ಲವಕರ ಚಲಾ!” ಎಂದು ಸ್ವಯಂಸೇವಕರು ಮರಾಠಿಯಲ್ಲಿ ಅವಸರಪಡಿಸಿದಷ್ಟೂ ಇವರು ಇನ್ನೂ ಗಂಭೀರರಾದರು. ಹತ್ತು ಗಂಟೆಯಾದರೂ, ಮೆರವಣಿಗೆ ಮುಗಿಯಬೇಕಿದ್ದ ಮೈದಾನಕ್ಕೆ ಅರ್ಧ ದಾರಿಯೂ ದಾಟಿರಲಿಲ್ಲ.

“ಶೈಲಾ,” ಇನಾಸನ ದನಿ ಈಗ ಬೇರೆಯಾಗಿತ್ತು. “ನಾಲ್ಕು ವರ್ಷ ಆತು. ಈ ತಿಂಗಳು ನಿಮ್ಮ ಮನೀಗೆ ಬಂದು ನಿಮ್ಮಪ್ಪನ್ನ ಕೇಳ್ತೀನಿ. ಬಯ್ದರ ಬಯ್ಸಿಕೊಳ್ತೀನಿ. ಬರ್ಲೇನು? ಹೌದಂದ್ರ ಒಂದು ಸಲ ಕಣ್ಣು ಮಿಟುಕಿಸು. ಬ್ಯಾಡಂದ್ರ ಎರಡು.”

ಅವಳು ಕಣ್ಣು ಮಿಟುಕಿಸಲೇ ಇಲ್ಲ. ಹಾಗೇ ತೆರೆದಿಟ್ಟುಕೊಂಡಳು, ನೀರು ತುಂಬಿ ಕೆನ್ನೆಯ ಬಣ್ಣದ ಮೇಲೆ ಇಳಿಯುವವರೆಗೆ.

“ಧೂಳು ಭಾಳ ಅದ,” ಎಂದ ಅವನು ಮೆಲ್ಲಗೆ.

ಅಷ್ಟರಲ್ಲಿ ಮೆರವಣಿಗೆ ನಿಂತಿತು. ಪೇಟೆ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಕೆಟ್ಟು ನಿಂತಿತ್ತು. ಸ್ವಯಂಸೇವಕರು ಟ್ರ್ಯಾಕ್ಟರನ್ನು ಎಡಕ್ಕೆ ತಿರುಗಿಸಿದರು. ಅದು ಶೈಲಶ್ರೀಯ ಮನೆಯ ಗಲ್ಲಿ.

ಗೇಟಿನ ಎದುರು ಅಪ್ಪ ಸಿದ್ರಾಮಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದರು. ಪಕ್ಕದಲ್ಲಿ ವಿಮಾನ ನಗರದ ಬೀಗರಾಗುವವರು, ಅರ್ಧ ತಾಸು ಮೊದಲೇ ಬಂದವರು. ಅವರ ಮಗ ಸ್ವಪ್ನಿಲ್ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ.

“ಅಬ್ಬಬ್ಬಾ, ನಮ್ಮ ಕಿತ್ತೂರು ರಾಣಿ! ಇಲ್ಲೇ ನಿಲ್ಲಸ್ರೆಪಾ ಒಂದ್ ಗಳಿಗಿ!” ಎಂದು ಸಿದ್ರಾಮಪ್ಪ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದರು. “ಶಿವಗಂಗಾ, ಆರತಿ ತಾ! ನಮ್ಮೂರಾಕಿ ಮನೀ ಬಾಗಿಲಿಗೆ ಬಂದಾಳ!”

ಅವ್ವ ಶಿವಗಂಗವ್ವ ಆರತಿ ತಟ್ಟೆ, ನೀರಿನ ತಂಬಿಗೆ ಹಿಡಿದು ಬಂದಳು. ರಾಣಿಯ ಪಾದ ಸರಿಯಾಗಿ ಅವಳ ಮುಖದ ಎತ್ತರಕ್ಕಿತ್ತು. ನೀರು ಹಾಕಲು ತಂಬಿಗೆ ಬಗ್ಗಿಸಿದವಳು ಅಲ್ಲೇ ತಡೆದಳು. ಆ ಪಾದದ ಮೇಲೆ, ಆರನೇ ವರ್ಷದಲ್ಲಿ ಹೋಳಿಗೆ ಹಂಚು ತಾಗಿ ಸುಟ್ಟ ಕಲೆ ಇತ್ತು. ಅವ್ವ ನಿಧಾನವಾಗಿ ಮುಖ ಮೇಲೆತ್ತಿದಳು.

“ಶೈಲೂ?” ಎಂದಳು, ಗಾಳಿಗೂ ಕೇಳದ ಹಾಗೆ.

ರಾಣಿ ಅಲುಗಲಿಲ್ಲ. ಅವ್ವ ಕೆನ್ನೆಯ ಮೇಲಿನ ಕಣ್ಣೀರಿನ ಗೆರೆ ನೋಡಿದಳು, ಲಗಾಮು ಹಿಡಿದವನನ್ನು ನೋಡಿದಳು. ಆಮೇಲೆ ಏನೂ ಆಗದವಳಂತೆ ನೀರು ಹಾಕಿ ಆರತಿ ಎತ್ತಿದಳು.

“ನಮ್ಮ ಮಗಳೂ ಇಲ್ಲಿ ಇರಬೇಕಾಗಿತ್ರಿ,” ಎಂದು ಸಿದ್ರಾಮಪ್ಪ ಬೀಗರಿಗೆ ಹೇಳುತ್ತಿದ್ದರು. “ಡ್ಯೂಟಿಗೆ ಹೋಗ್ಯಾಳ್ರಿ, ಹನ್ನೊಂದಕ್ಕ ಬಂದಬಿಡ್ತಾಳ. ಹುಡುಗಾ ಹುಡುಗಿ ಒಬ್ಬರಿಗೊಬ್ಬರು ನೋಡಿದ್ರ ಮುಗೀತು, ಇವತ್ತೇ ಶಾಸ್ತ್ರ ಮಾಡೂಣು.”

ಗೇಟಿನ ಮೇಲೆ ಬರೆದಿದ್ದ ಶೈಲಶ್ರೀಯ ಅಪ್ಪನ ಹೆಸರು ಆಗ ಇನಾಸನ ಕಣ್ಣಿಗೆ ಬಿತ್ತು. ಅವನ ಮುಖದಿಂದ ತುಂಟತನವೆಲ್ಲ ಇಳಿದುಹೋಯಿತು. ಲಗಾಮಿನಿಂದ ಕೈ ತೆಗೆದ.

“ಇದನ್ನ ಹೇಳಾಕ ಬಂದಿದ್ದಿ ಮುಂಜಾನೆ,” ಎಂದ, ಅವಳತ್ತ ನೋಡದೆ. “ಗೊತ್ತಾಗಲಿಲ್ಲ ನನಗ. ಮೂಗು, ಬೆನ್ನು ಅಂತ ಹರಟೀನಿ.” ಬಗ್ಗಿ ಅವಳ ಬೆನ್ನ ಹಿಂದಿನ ಬೋಲ್ಟು ನೋಡಿದ. “ಇಳಸ್ತೀನಿ ತಡಿ. ಹಿತ್ತಲಿಂದ ಒಳಗ ಹೋಗಿಬಿಡು. ಮುಖ ತೊಳಕೋ.”

ಪಾನಾ ಇರಲಿಲ್ಲ. ಅವನು ಟ್ರಾಲಿಯಿಂದ ಜಿಗಿದು ಹೋಗಿ ಸಿದ್ರಾಮಪ್ಪನವರನ್ನೇ ಕೇಳಿದ: “ರೀ ಕಾಕಾ, ಹದಿನೇಳರ ಪಾನಾ ಅದ ಏನ್ರಿ? ರಾಣಿಯವರಿಗೆ ತ್ರಾಸ ಆಗಾಕತ್ತದ.”

ಮೂವತ್ತು ವರ್ಷ ಮೇಂಟೆನನ್ಸ್ ಫೋರ್‌ಮನ್ ಆಗಿದ್ದ ಸಿದ್ರಾಮಪ್ಪನವರಿಗೆ ಇಂಥ ಪ್ರಶ್ನೆ ಕೇಳಿದರೆ ಹಬ್ಬ. ಸ್ವತಃ ಪಾನಾ ತಂದು ಟ್ರಾಲಿಯ ಪಕ್ಕ ನಿಂತರು. ಇನಾಸ ನಟ್ಟು ಬಿಚ್ಚಿದ. ಪಟ್ಟಿ ಸಡಿಲವಾಯಿತು. ಎರಡೂವರೆ ತಾಸಿನಲ್ಲಿ ಮೊದಲ ಬಾರಿ ಶೈಲಶ್ರೀ ಪೂರ್ತಿ ಉಸಿರೆಳೆದಳು.

ಈಗ ಇಳಿಯಬಹುದಿತ್ತು. ಅವ್ವ ಹಿತ್ತಲ ಬಾಗಿಲಿನ ಕಡೆ ಕಣ್ಣು ಮಾಡಿದಳು. ಅವ್ವ ಬಾಯಿ ಬಿಡುವವಳಲ್ಲ. ಮುಖ ತೊಳೆದು ಸೀರೆ ಬದಲಿಸಿದರೆ ಹನ್ನೊಂದಕ್ಕೆ ಇನ್ನೊಂದು ಹೂಂ, ಆಮೇಲೆ ಬದುಕಿಡೀ ಹೂಂ. ಬೋಲ್ಟು ಬಿಚ್ಚಿದರೂ ಸೊಂಟದ ಬಿಗಿತ ಹೋಗಲಿಲ್ಲವೆಂದು ಅವಳಿಗೆ ಆ ಕ್ಷಣ ಅನ್ನಿಸಿತು.

“ಅಪ್ಪಾ,” ಎಂದಳು.

ಮುಂದಿದ್ದ ಪಾಸ್ಕು ಕಾಕಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಸಿದ್ರಾಮಪ್ಪ ರಾಣಿಯ ಮುಖವನ್ನು ದಿಟ್ಟಿಸಿದರು. ಬಣ್ಣದೊಳಗಿಂದ ಮಗಳು ಕಾಣುವುದಕ್ಕೆ ತುಸು ಹೊತ್ತು ಬೇಕಾಯಿತು.

“ಶೈಲಶ್ರೀ? ನೀ ಇಲ್ಲೆ?”

“ನನಗ ಈ ಸಂಬಂಧ ಬ್ಯಾಡಪ್ಪಾ. ಹೋದ ವಾರನ ಹೇಳಬೇಕಾಗಿತ್ತು, ಅಂಜಿದೆ. ಸ್ವಪ್ನಿಲ್ ಅವರ, ತಪ್ಪು ತಿಳಕೋಬ್ಯಾಡ್ರಿ, ನಿಮ್ಮದೇನೂ ದೋಷ ಇಲ್ಲ.” ಖಡ್ಗವನ್ನು ತೊಡೆಯ ಮೇಲೆ ಇಳಿಸಿದಳು. “ನನ್ನ ಮನಸಿನ್ಯಾಗ ನಾಲ್ಕು ವರ್ಷದಿಂದ ಇಂವ ಇದ್ದಾನ. ಇನಾಸ.”

ಸ್ವಪ್ನಿಲ್ ಮೊಬೈಲು ಕೆಳಗಿಳಿಸಿ, “ಅಪ್ಪಾ, ನಾವು ಹೊರಡೂಣು,” ಎಂದ, ಬೇಸರಕ್ಕಿಂತ ಹೆಚ್ಚಾಗಿ ಸಂಕೋಚದಿಂದ.

ಶೈಲಶ್ರೀ ಇನಾಸನ ಕಡೆ ತಿರುಗಿದಳು. ಈಗ ಕಣ್ಣು ಪೂರ್ತಿ ತಿರುಗಿತು. ಅವನನ್ನೇ ನೋಡುತ್ತ ಒಂದು ಸಲ, ಒಂದೇ ಸಲ, ಮಿಟುಕಿಸಿದಳು.

“ಬೋಲ್ಟ್ ಹಾಕು. ಮೈದಾನ ಇನ್ನೂ ದೂರ ಅದ.”

ಇನಾಸನ ಕೈ ಎಷ್ಟು ನಡುಗುತ್ತಿತ್ತೆಂದರೆ ನಟ್ಟು ಕೂರಲೇ ಇಲ್ಲ. ಮೂರು ಸಲ ಓರೆಯಾಯಿತು. ಅದುವರೆಗೆ ಕಲ್ಲಿನಂತೆ ನಿಂತಿದ್ದ ಸಿದ್ರಾಮಪ್ಪನವರಿಗೆ ಅದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ.

“ಥ್ರೆಡ್ ಕೆಡಸಾಕತ್ತೀಯಲ್ಲೋ! ಸರಿ ಅತ್ತಾಗ!”

ಟ್ರಾಲಿ ಹತ್ತಿ, ಮಗಳ ಮುಖ ನೋಡದೆ, ತಾವೇ ನಟ್ಟು ಕೂರಿಸಿ ಬಿಗಿದರು. ಬಿಗಿದ ಮೇಲೆ ಎರಡು ಸಲ ಅಲುಗಾಡಿಸಿ ನೋಡಿದರು. ಕೆಳಗಿಳಿದು, ಪಾನಾವನ್ನು ಇನಾಸನ ಅಂಗೈಯಲ್ಲಿ ಇಟ್ಟರು.

“ಇಳಸೂವಾಗ ಬೇಕಾಗ್ತದ, ಇಟ್ಕೋ. ಸಂಜೀಕೆ ಮನೀಗೆ ತಂದು ಕೊಡು,” ಎಂದರು ಬಿಗಿದ ದನಿಯಲ್ಲೇ. “ನೀನೇ ತರಬೇಕು.”