ಅಕ್ಕನ ಉತ್ತರ, ತಂಗಿಯ ಅಕ್ಷರ

ಜುಲೈ ಹದಿನೈದು, ಮಂಗಳವಾರ. ಠಾಣೆಯ ಕಸ ಹೊಡೆಯುವುದಿನ್ನೂ ಮುಗಿದಿರಲಿಲ್ಲ, ಉಟಗಿಯ ಮೊದಲ ಎಸ್‌ಟಿ ಬಸ್ಸಿಗೆ ಮೂವರು ಹೆಂಗಸರು ಬಂದಿಳಿದರು. ಮುಂದೆ ತಾಯಿ ಭಾಗವ್ವ. ಹಿಂದೆ ಅವಳ ಮಗಳು ರೂಪಾಲಿ, ಹುಟ್ಟಿನಿಂದಲೂ ಕಣ್ಣು ಕಾಣದವಳು. ಅವಳು ಮೊಣಕೈ ಹಿಡಿದುಕೊಂಡಿದ್ದದ್ದು ತನ್ನ ಕಾಕಾನ ಮಗಳು ಮಹಾನಂದಾಳದ್ದು.

ಉಪನಿರೀಕ್ಷಕ ಶಂಕರಲಿಂಗ ಬಿರಾದಾರ, ಊರವರ ಬಾಯಲ್ಲಿ ಫೌಜದಾರ, ಚಹಾದ ಕಪ್ಪು ಕೆಳಗಿಟ್ಟ.

"ಕುಂದ್ರಿ. ಏನ್ ಕಳವಾತು?"

"ಕಳವಲ್ರಿ," ಎಂದಳು ರೂಪಾಲಿ. "ನಾ ಬ್ಯಾಡ ಅಂದೀನಂತ್ರಿ. ನಾ ಅಂದಿಲ್ರಿ."

ಶಂಕರಲಿಂಗ ಹನ್ನೊಂದು ವರ್ಷದ ನೌಕರಿಯಲ್ಲಿ ಕುರಿ ಕಳುವು, ಬಾವಿಯ ಮೋಟಾರು ಕಳುವು, ಬದುವಿನ ಜಗಳ ಎಲ್ಲ ಕಂಡಿದ್ದ. ಇಂಥ ಫಿರ್ಯಾದು ಇದೇ ಮೊದಲು. ಮೊದಲಿನಿಂದ ಹೇಳು ಎಂದ.

ರೂಪಾಲಿ ಬಿಎ ಮುಗಿಸಿದ್ದಳು, ಅದೂ ಫಸ್ಟ್ ಕ್ಲಾಸಿನಲ್ಲಿ. ವಿದ್ಯಾಪೀಠದಲ್ಲಿ ಎಂಎ ಮಾಡಲು ಅಂಗವಿಕಲ ವಿದ್ಯಾರ್ಥಿಗಳ ಶಿಷ್ಯವೃತ್ತಿಗೆ ಆಯ್ಕೆಯಾಗಿದ್ದಳು. ಫೀ ಇಲ್ಲ, ವಸತಿಗೃಹದಲ್ಲಿ ಇರಲು ಜಾಗ, ಓದಿ ಹೇಳಲು ಮತ್ತು ಪರೀಕ್ಷೆ ಬರೆಯಲು ವಿದ್ಯಾಪೀಠದ್ದೇ ಒಬ್ಬ ರೈಟರ್. ವಸತಿಗೃಹ ಎಂದು ತೆರೆಯುತ್ತದೆ ಎಂದು ಕೇಳಲು ಸೋಮವಾರ ಫೋನು ಮಾಡಿದರೆ, ಅಲ್ಲಿನ ಕಚೇರಿಯ ಬಾಯಿಯವರು, ಅಂದರೆ ಮೇಡಂ, ಬೆರಗಾದರಂತೆ. ಲಗ್ನ ಗೊತ್ತಾಗಿದೆ, ಬರುವುದಿಲ್ಲ ಎಂದು ಗುರುವಾರ ನೀನೇ ಹೇಳಿದೆಯಲ್ಲ? ಈ ಶುಕ್ರವಾರ ಜಾಗ ಯಾದಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

"ಲಗ್ನ ಗೊತ್ತಾಗೈತೇನು?"

"ನನಗ ಗೊತ್ತಿಲ್ದಂಗ ನನ್ನ ಲಗ್ನ ಹೆಂಗ ಗೊತ್ತಾಗತೈತ್ರಿ?"

ಹವಾಲ್ದಾರ ಹರಿಬಾ ನಗು ತಡೆದುಕೊಂಡು ಕೆಮ್ಮಿದ. ಇನ್ನೊಬ್ಬರ ಹೆಸರು ಹಾಕಿಕೊಂಡು ಮೋಸ ಮಾಡುವುದು ಗುನ್ಹೆ; ಎಫ್‌ಐಆರ್ ಆಗುವಂಥದ್ದೇ. ಊರ ಮಾತು ಕನ್ನಡವಾದರೂ ಗಡಿಯ ಈ ಕಡೆ ಸರಕಾರಿ ಕಾಗದವೆಲ್ಲ ಮರಾಠಿ; ಅದನ್ನು ಬರೆಯುವುದು ಹರಿಬಾನ ಕೆಲಸ. ಅದಕ್ಕೂ ಮೊದಲು ಅರ್ಜಿ ಬೇಕು.

"ಯಾರ್ ಬರೀತೀರಿ?"

"ನಮ್ಮ ನಂದಾ ಬರೀತಾಳ್ರಿ. ನನ್ನ ಬಿಎ ಪರೀಕ್ಷಾ ಎಲ್ಲಾ ಅಕಿನ ಬರದಾಳ."

ರೈಟರ್ ಆಗುವವರು ಒಂದು ತರಗತಿ ಕೆಳಗಿನವರೇ ಇರಬೇಕೆಂಬ ನಿಯಮವುಂಟು. ಮಹಾನಂದಾ ಅಕ್ಕನಿಗಿಂತ ಒಂದು ವರ್ಷ ಹಿಂದಿದ್ದಳು. ಬಿಎ ಕೊನೆಯ ವರ್ಷ ಇನ್ನು ಶುರುವಾಗಬೇಕು. ಅಕ್ಕ ತಂಗಿ ಬೆಂಚಿಗೆ ಹೋಗಿ ಕುಳಿತರು. ಶಂಕರಲಿಂಗ ವಿದ್ಯಾಪೀಠಕ್ಕೆ ಫೋನು ಹಚ್ಚಿದ. ಒಂದು ಕಿವಿಯಲ್ಲಿ ಬಾಯಿಯವರ ಮಾತು, ಇನ್ನೊಂದರಲ್ಲಿ ಬೆಂಚಿನ ಕಡೆಯ ಗುಸುಗುಸು. ಅರ್ಜಿ ಕೈಗೆ ಬಂದಾಗ ಅಕ್ಷರ ಕಣ್ಣಿಗೆ ಒತ್ತಿಕೊಳ್ಳುವಂತಿತ್ತು.

ಬಾಯಿಯವರು ಎರಡು ಮಾತು ಹೇಳಿದರು. ಅವರ ಕಚೇರಿಯ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಕಳಿಸುತ್ತೇವೆ. ಜಾಗ ಬೇಡವೆಂದದ್ದು ರೂಪಾಲಿ ಅಲ್ಲ ಎಂದು ಪೊಲೀಸರು ಶುಕ್ರವಾರದೊಳಗೆ ಬರೆದುಕೊಟ್ಟರೆ ಜಾಗ ಉಳಿಯುತ್ತದೆ. ಇಲ್ಲದಿದ್ದರೆ ತಮ್ಮ ಕೈಯಲ್ಲೂ ಏನಿಲ್ಲ.

ಬುಧವಾರ ರೆಕಾರ್ಡಿಂಗ್ ಬಂತು. ಫೋನ್ ಕಂಪನಿಯ ವಿವರವೂ ಬಂತು. ಬಾಯಿಯವರ ಕರೆ ಹೋದದ್ದು ರೂಪಾಲಿಯದೇ ನಂಬರಿಗೆ, ಗುರುವಾರ ಮುಂಜಾನೆ ಎಂಟೂ ಇಪ್ಪತ್ತಕ್ಕೆ, ಟವರು ಉಟಗಿಯದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಪ್ರಮೇಯವಿರಲಿಲ್ಲ. ಕಳ್ಳ ಮನೆಯಲ್ಲೇ ಇದ್ದ, ಅಥವಾ ಇದ್ದಳು.

ದನಿ ಹುಡುಗಿಯದು. ಮಾತು ಮರಾಠಿ. ಶಂಕರಲಿಂಗ ಅದನ್ನು ಮೂರು ಸಲ ಕೇಳಿದ.

"ಶಿಷ್ಯವೃತ್ತಿ ನಕೋ?" ಎಂದು ಬಾಯಿಯವರು. ಬರುವುದಿಲ್ಲ ಎಂದದ್ದಕ್ಕೆ, ಬೇಡವೇ ಎಂದು.

"ನಕೋ..." ತುಸು ತಡೆದು, "ಹೋ, ನಕೋ. ಲಗ್ನ ಠರಲಂಯ." ಬೇಡ, ಲಗ್ನ ಗೊತ್ತಾಗಿದೆ ಎಂದು.

"ಲಗ್ನ ಕಧೀ?" ಯಾವಾಗ ಎಂದು.

"ಕಧೀ... ದಿವಾಳಿ ಝಾಲ್ಯಾವರ." ದೀಪಾವಳಿ ಆದಮೇಲೆ ಎಂದು.

ಕೇಳಿದ ಪ್ರಶ್ನೆಯ ಬಾಲವನ್ನೇ ಹಿಡಿದು, ಆಮೇಲೆ ಉತ್ತರ. ಅಂಜಿಕೆ ಇರಬೇಕು, ಇಲ್ಲವೇ ಲೈನು ಸರಿಯಿರಲಿಲ್ಲ ಎಂದುಕೊಂಡ.

ಗುರುವಾರ ಹತ್ತು ಗಂಟೆಗೆ ಜೀಪು ಉಟಗಿ ಮುಟ್ಟಿತು. ಶಂಕರಲಿಂಗ, ಹರಿಬಾ, ಮಹಿಳಾ ಶಿಪಾಯಿ ವಿಜಯಶ್ರೀ. ಅಂಗಳದಲ್ಲಿ ಮಾಡಗ್ಯಾಳ ತಳಿಯ ಎರಡು ಕುರಿ ಕಟ್ಟಿದ್ದವು. ಯಾರೂ ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ರೂಪಾಲಿ ಕೇಳಿದಳು: "ಹವಾಲ್ದಾರ್ ಕಾಕಾರೂ ಬಂದಾರೇನ್ರಿ?"

ಹರಿಬಾ ತನ್ನ ಬೂಟು ನೋಡಿಕೊಂಡ. ಠಾಣೆಯಲ್ಲಿ ಒಂದು ಸಲ ನಡೆದಾಡಿದ್ದಷ್ಟೆ.

ಮನೆಯ ಹಿರಿಯ ಶ್ರೀಶೈಲಪ್ಪ, ರೂಪಾಲಿಯ ಕಾಕಾ, ಮಹಾನಂದಾಳ ಅಪ್ಪ. ಸಂಶಯ ಮೊದಲು ಅವನ ಮೇಲೇ ಇತ್ತು. ಅವನೂ ಏನೂ ಮುಚ್ಚಿಡಲಿಲ್ಲ.

"ಕಣ್ಣಿಲ್ದಾಕಿನ್ನ ಅಷ್ಟ ದೂರ ಕಳಸೋದು ಬ್ಯಾಡ ಅಂತ ನಾನೂ ಅಂದೀನ್ರಿ. ಅಂಗಳದಾಗ ನಿಂತ ಅಂದೀನಿ. ಫೋನಿನ್ಯಾಗ ಯಾಕ ಅನ್ಲಿ?"

"ಮತ್ತ್ಯಾರಿಗೆ ಬ್ಯಾಡಾಗಿತ್ತು?"

"ಯಾರಿಗೂ ಇಲ್ರಿ. ಇಕಿ ಹ್ವಾದ್ಲಂದ್ರ ನಮ್ಮ ನಂದಾನ ಕಾಲೇಜೂ ಮುಗೀತು, ಅಷ್ಟ. ಅಕ್ಕನ ಕೈ ಹಿಡಕೊಂಡು ಹೊಕ್ಕಾಳಂತ ಇಷ್ಟ ದಿನಾ ಬಿಟ್ಟಿದ್ವಿ. ಒಬ್ಬಾಕಿನ್ನ ಬಸ್ಸಿಗೆ ಹತ್ತಸಾಂಗಿಲ್ಲ. ವಳಸಂಗದಾಗ ಅಕಿನ್ನ ಕೊಡಾಕ ಒಂದು ಮನಿ ನೋಡೀವಿ."

ಅವನಿಗೆ ಅದು ಊಟ ಉಂಡಷ್ಟು ಸಹಜವಾದ ಮಾತು. ಬಾಗಿಲಲ್ಲಿ ನಿಂತಿದ್ದ ಮಹಾನಂದಾ ಒಳಗೆ ಸರಿದಳು.

ಶಂಕರಲಿಂಗ ಮೊಬೈಲು ತೆಗೆದು ರೂಪಾಲಿಗೆ ರೆಕಾರ್ಡಿಂಗ್ ಕೇಳಿಸಿದ. ಅರ್ಧಕ್ಕೇ ಅವಳ ಕೈ ಮೇಲೆದ್ದಿತು.

"ಸಾಕ್ರಿ."

"ಯಾರ ದನಿ?"

"ಗೊತ್ತಾಗವಲ್ದ್ರಿ."

"ಪೂರ್ತಿ ಕೇಳಲಿಲ್ಲಲ್ಲ."

"ಸಾಹೇಬ್ರ, ಅರ್ಜಿ ಹಿಂದ ತಗೋತೀನ್ರಿ."

"ನಾಳಿ ಶುಕ್ರವಾರ. ಜಾಗಾ ಹೋಗತೈತಿ, ತಂಗಿ."

"ಹೋಗ್ಲಿ ಬಿಡ್ರಿ."

ಮುಂದಿನದನ್ನು ಕೇಳಬೇಕಾಗಿರಲಿಲ್ಲ. ಬೂಟಿನ ಸಪ್ಪಳದಿಂದ ಹರಿಬಾನನ್ನು ಹಿಡಿದವಳಿಗೆ ಈ ದನಿ ಗೊತ್ತಾಗಲಿಲ್ಲವೆಂದರೆ ನಂಬುವವರು ಯಾರು? ಆದರೆ ನಂಬದಿರುವುದು ಸಾಕ್ಷಿಯಾಗುವುದಿಲ್ಲ. ಶಂಕರಲಿಂಗನಿಗೆ ಆ ಹುಡುಗಿಯ ಮೇಲೆ ಸಿಟ್ಟೂ ಬಂತು, ಮರುಕವೂ ಆಯಿತು. ಫೋನನ್ನು ಜಪ್ತಿ ಮಾಡಿ, ಇಬ್ಬರು ಪಂಚರನ್ನು ಕರೆಸಿ, ಪಂಚನಾಮೆ ಬರೆಸಲು ನಿಂತ.

"ಮನೆಯ ಮುಖ ಪೂರ್ವಕ್ಕೆ."

"ಪೂರ್ವಕ್ಕೆ..." ಹರಿಬಾ ಗುನುಗುತ್ತ ಬರೆದ.

"ಪಡಸಾಲೆಯ ಎಡಕ್ಕೆ ನೀರಿನ ಕೋಣೆ."

"ನೀರಿನ ಕೋಣೆ..."

"ಗೂಡಿನಲ್ಲಿ ಕಪ್ಪು ಬಣ್ಣದ ಮೊಬೈಲು."

"ಮೊಬೈಲು..."

ಶಂಕರಲಿಂಗನ ಬಾಯಿ ಅಲ್ಲೇ ನಿಂತಿತು. ಹರಿಬಾ ಪೆನ್ನು ಹಿಡಿದು ಕಾದ.

"ಹರಿಬಾ, ನಾ ಹೇಳಿದ್ದರ ಕೊನೀದು ಯಾಕ ತಿರುಗಿ ಅಂತಿ?"

"ಬರಿಯಾವ್ರ ಚಾಳಿ ರೀ ಅದು. ಕೊನೀ ಶಬ್ದ ಬಾಯಾಗ ಇಟಕೊಂಡ್ರ ಬರಿಯೂದು ತಪ್ಪಾಂಗಿಲ್ಲ. ಹೇಳಾವ್ರಿಗೂ ಮುಟ್ಟಿತಂತ ತಿಳೀತೈತಿ."

ಮಂಗಳವಾರದ ಬೆಂಚು ನೆನಪಾಯಿತು. ಅಂದಿನ ಗುಸುಗುಸುವಿನಲ್ಲಿ ದನಿ ಒಂದಲ್ಲ, ಎರಡಿತ್ತು. ಒಬ್ಬಳು ಹೇಳುತ್ತಿದ್ದಳು, ಇನ್ನೊಬ್ಬಳು ಬಾಲ ಹಿಡಿಯುತ್ತಿದ್ದಳು. ಮೂರು ವರ್ಷ ಪರೀಕ್ಷೆಯ ಕೋಣೆಯಲ್ಲಿ ಕಾಣದ ಅಕ್ಕನಿಗೆ ಮಾತು ಮುಟ್ಟಿತೆಂದು ತಿಳಿಸಲು ಬೇರೆ ದಾರಿಯಾದರೂ ಏನಿತ್ತು?

ಅವನು ಭಾಗವ್ವನನ್ನು ಕೇಳಿದ: "ಹ್ವಾದ ಗುರುವಾರ ಎಂಟೂವರಿ ಸುಮಾರಿಗೆ ರೂಪಾಲಿ ಎಲ್ಲಿದ್ಲು?"

"ತಲಿ ಎರಕೊಳ್ಳಾಕತ್ತಿದ್ಲರಿ. ಗುರುವಾರಕ್ಕೊಮ್ಮಿ ನಾನ ಎರೀತೀನಿ."

"ಫೋನು?"

"ಆವಾಗ ಅಕಿ ಫೋನು ನಂದಾನ ಕಡಿನ ಇರತೈತ್ರಿ."

ಮಹಾನಂದಾಳನ್ನು ಹೊರಗೆ ಕರೆದರು. ವಿಜಯಶ್ರೀ ಪಕ್ಕದಲ್ಲಿ ನಿಂತಳು. ಶಂಕರಲಿಂಗ ಕನ್ನಡ ಬಿಟ್ಟು ಮರಾಠಿಗೆ ಹೊರಳಿ, ಗುಮಾಸ್ತರು ಕೇಳುವಂತೆ ಸಪ್ಪಗೆ ಕೇಳಿದ.

"ಕೋಣತಾ ವರ್ಗ?" ಯಾವ ತರಗತಿ.

"ವರ್ಗ... ಬಿಎ ತಿಸರಂ."

"ಕೋಣತಾ ವಿಷಯ?"

"ವಿಷಯ... ಇತಿಹಾಸ."

"ಶಿಷ್ಯವೃತ್ತಿ ನಕೋ?"

"ನಕೋ..."

ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಶ್ರೀಶೈಲಪ್ಪ ಏನೂ ತಿಳಿಯದೆ ಎಲ್ಲರ ಮುಖ ನೋಡಿದ. ರೂಪಾಲಿ ಮಾತ್ರ ಯಾರ ಕಡೆಗೂ ಮುಖ ತಿರುಗಿಸಲಿಲ್ಲ.

"ನಾನ ರೀ," ಎಂದಳು ಮಹಾನಂದಾ.

ಹನ್ನೆರಡು ಗಂಟೆಗೆ ಅವಳನ್ನು ದಸ್ತಗಿರಿ ಮಾಡಲಾಯಿತು. ಜಾಮೀನು ಸಿಗುವ ಗುನ್ಹೆ, ಸಂಜೆಯೊಳಗೆ ಮನೆಗೆ ಬರುತ್ತಾಳೆ ಎಂದು ಶಂಕರಲಿಂಗ ಎರಡು ಸಲ ಹೇಳಿದರೂ ಭಾಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರೂಪಾಲಿ ಎದ್ದು ಕೈ ಚಾಚಿದಳು. ರೂಢಿಯಂತೆ ಅದು ತಂಗಿಯ ಮೊಣಕೈ ಮೇಲೆ ಹೋಗಿ ಕುಳಿತಿತು. "ಮೆಟ್ಟಲೈತಿ, ಅಕ್ಕಾ," ಎಂದಳು ಮಹಾನಂದಾ. ಆರೋಪಿಯ ಮೊಣಕೈ ಹಿಡಿದೇ ಫಿರ್ಯಾದಿ ಜೀಪು ಹತ್ತಿದಳು. ವಿಜಯಶ್ರೀ ಬಿಡಿಸಲು ಹೋಗಲಿಲ್ಲ.

ಠಾಣೆಯಿಂದ ವಿದ್ಯಾಪೀಠಕ್ಕೆ ಪತ್ರ ಹೋಯಿತು. ಮೂರು ಗಂಟೆಗೆ ಬಾಯಿಯವರು ಫೋನು ಮಾಡಿ, ಜಾಗ ರೂಪಾಲಿಯದೇ ಎಂದರು. ಬೆಂಚಿನ ಮೇಲಿದ್ದ ರೂಪಾಲಿ ಸುದ್ದಿ ಕೇಳಿ ಆಗಲೆಂದಳು, ಮುಖ ಅರಳಲಿಲ್ಲ.

ಉಳಿದದ್ದು ಆರೋಪಿಯ ಜಬಾಬು, ಅಂದರೆ ಹೇಳಿಕೆ. ಒಳಗಿನ ಕೋಣೆಯಲ್ಲಿ ವಿಜಯಶ್ರೀ ನೀರು ಕೊಟ್ಟಳು, ಹರಿಬಾ ಕಾಗದ ಜೋಡಿಸಿಕೊಂಡ. ಮಹಾನಂದಾಳ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು.

"ನೀ ಬರಿಯೂದಲ್ಲವ್ವಾ," ಎಂದ ಹರಿಬಾ ಮೆಲ್ಲಗೆ. "ನೀ ಹೇಳು. ನಾ ಬರೀತೀನಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಬೇಕಂತ ಮಾಡಿಲ್ರಿ. ರೂಪಾಲಿ ಏನ ಅಂತ ಕೇಳಿದ್ರು, ಹೌದಂದೆ. ಅಷ್ಟ ಅನ್ನಾಕಿ ಇದ್ದೆ. ಬರ್ತೀಯಲ್ಲ ಅಂದಾಗ ಬಾಯಾಗ ಬ್ಯಾರೇ ಬಂತು."

"ಬ್ಯಾರೇ ಬಂತು..."

"ಅಕ್ಕಗ ಫಸ್ಟ್ ಕ್ಲಾಸ್ ಬಂದಾಗ ಪೇಢೆ ಹಂಚಿದಾಕಿ ನಾನ ರೀ. ಹೊಟ್ಟಿಕಿಚ್ಚಿಲ್ಲ."

"ಹೊಟ್ಟಿಕಿಚ್ಚಿಲ್ಲ..."

"ಅಕ್ಕಗ ಕಣ್ಣಿಲ್ಲಂತ ನನಗ ಕಾಲೇಜು ಸಿಕ್ತು. ಅಲ್ಲೆ ಅಕಿಗೆ ಬ್ಯಾರೇ ರೈಟರ್ ಕೊಡ್ತಾರಂತ. ಹಂಗಾದ್ರ ನಾ ಯಾಕ ಬೇಕು ಮನಿಯವ್ರಿಗೆ?"

ಹರಿಬಾ ಬರೆದ. ಬಾಗಿಲಾಚೆ ಬೆಂಚು ಕಿರುಗುಟ್ಟಿತು. ರೂಪಾಲಿ ಗೋಡೆಗೆ ಕಿವಿಗೊಟ್ಟಿದ್ದಳು.

"ಇನ್ನೇನರ ಐತೇನವ್ವಾ?" ಎಂದು ಶಂಕರಲಿಂಗ ಕೇಳಿದ.

"ಒಂದ ವರ್ಷ ಉಳದಿತ್ರಿ," ಎಂದಳು ಮಹಾನಂದಾ. "ನನಗೂ ಕಲೀಬೇಕಿತ್ತು."

ಜಬಾಬು ಮರಾಠಿಯಲ್ಲಿರಬೇಕು, ಹರಿಬಾನ ಪೆನ್ನು ಮರಾಠಿಯಲ್ಲೇ ಓಡಿತು. ಬಾಯಿ ಮಾತ್ರ ಅವಳ ಮಾತನ್ನು ಅವಳಿಗೇ ಮುಟ್ಟಿಸಿತು.

"ಕಲೀಬೇಕಿತ್ತು..."