ಕೈಯಿಂದ ತಿರುಗಿಸುವ ಲೆನ್ಸು

"ನಮ್ಮ ಲೆನ್ಸ್ ಕೂಡತಾವೇನೋ ವಿಠೋಬಾ?" ಎಂದು ಶೈಲಾ ವೈನಿ ಕೇಳಿದರು.

"ಕೂಡತಾವ್ರಿ" ಎಂದೆ.

ಆ ಮಾತು ಸುಳ್ಳಲ್ಲ. ಮಿರಜದ ಕ್ಯಾಮೆರಾ ಅಂಗಡಿಯ ಗಾಜಿನ ಟೇಬಲ್ಲಿನ ಮೇಲೆ ನಾನೇ ಕೂಡಿಸಿ ನೋಡಿದ್ದೆ. ನಮ್ಮ ಫಿಲ್ಮ್ ಕ್ಯಾಮೆರಾದ ಹಳೆಯ ಲೆನ್ಸು ಹೊಸ ಡಿಜಿಟಲ್ ಕ್ಯಾಮೆರಾದ ಬಾಡಿಯ ಬಾಯಿಗೆ ಟಕ್ಕೆಂದು ಕೂತಿತ್ತು. ಆದರೆ ವೈನಿ ಎದುರಿನ ಹೋಟೆಲಿಗೆ ಚಹಾ ಹೇಳಲು ಹೋಗಿದ್ದಾಗ ಅಂಗಡಿಯವನು ಇನ್ನೊಂದು ಮಾತೂ ಹೇಳಿದ್ದ.

ಅವನು ನನ್ನ ಮುಂದೆ ಎರಡು ಬಾಡಿ ಇಟ್ಟಿದ್ದ. ಒಂದು ಹಗುರ, ಒಂದು ಭಾರ. ನಮ್ಮ ಲೆನ್ಸನ್ನು ಮಗುಚಿ, ಹಿಂಬದಿಯ ಸಣ್ಣ ಸ್ಕ್ರೂ ತೋರಿಸಿ ಮರಾಠಿಯಲ್ಲಿ ಹೇಳಿದ: ಇದನ್ನು ತಿರುಗಿಸುವ ಮೋಟರು ಬಾಡಿಯೊಳಗೆ ಇರಬೇಕು. ಭಾರದ್ದರಲ್ಲಿ ಇದೆ, ನಿಮ್ಮ ಹಳೆಯ ಕ್ಯಾಮೆರಾದ ಹಾಗೆ ಫೋಕಸ್ ತಾನೇ ಆಗುತ್ತದೆ. ಹಗುರದ್ದರಲ್ಲಿ ಮೋಟರಿಲ್ಲ. ಲೆನ್ಸು ಕೂಡುತ್ತದೆ, ಆದರೆ ಪ್ರತಿ ಫೋಟೋಕ್ಕೂ ಕೈಯಿಂದ ತಿರುಗಿಸಿಕೊಳ್ಳಬೇಕು. ಕಣ್ಣು ಚೆನ್ನಾಗಿರಬೇಕು, ಅಷ್ಟೇ.

ವೈನಿಯ ಕಣ್ಣು ಚೆನ್ನಾಗಿರಲಿಲ್ಲ. ಅದು ನನ್ನೊಬ್ಬನಿಗೇ ಗೊತ್ತಿತ್ತು.

ಅವರು ಬಂದ ಮೇಲೆ ಹಗುರದ್ದನ್ನು ಅವರ ಕೈಗೆ ಕೊಟ್ಟೆ. "ಇದ ತಗೊಳ್ರಿ. ದಿನಾ ಹಿಡದ್ರೂ ಕೈ ನೋಯಂಗಿಲ್ಲ."

ಎರಡರಲ್ಲಿ ಯಾವುದನ್ನಾದರೂ ಕೊಳ್ಳುವ ಶಕ್ತಿ ಅವರಿಗಿತ್ತು. ಅವರು ನನ್ನನ್ನು ನಂಬಿದರು.

ಇದು ಹದಿನೈದು ವರ್ಷದ ಹಿಂದಿನ ಮಾತು. ಆಗ ನನಗೆ ಐವತ್ತೆರಡು, ಅವರಿಗೆ ನಲವತ್ತಾರು. ನಾನು ಗಡಿಯ ಜತ್ತ ತಾಲೂಕಿನ ಉಟಗಿಯವನು, ಕುರಿ ಕಾಯುವವರ ಮನೆಯವನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ. ಮದುವೆಯಾದ ಎರಡನೇ ವರ್ಷಕ್ಕೆ ಹೆಂಡತಿ ತೀರಿಹೋದಳು. ಆಮೇಲೆ ಜತ್ತದ ಸ್ಟುಡಿಯೋದ ಶಂಕರಲಿಂಗಣ್ಣ ನನ್ನನ್ನು ಕರೆದು ಕತ್ತಲ ಖೋಲಿಯಲ್ಲಿ ಕೂಡಿಸಿದ. ಮೂವತ್ತು ವರ್ಷ ಅಲ್ಲಿ ಫಿಲ್ಮ್ ತೊಳೆದೆ. ಈ ತಾಲೂಕಿನ ಎಷ್ಟೋ ಜನರ ಮುಖ ನೀರಿನೊಳಗಿಂದ ಮೆಲ್ಲಗೆ ಮೇಲೆ ಬರುವುದನ್ನು ನೋಡಿದ್ದೇನೆ.

ಶಂಕರಲಿಂಗಣ್ಣ ತೀರಿದ ಮೇಲೆ ಅವನ ಹೆಂಡತಿ ಶೈಲಾ ಕ್ಯಾಮೆರಾ ಹಿಡಿದರು. ಅಣ್ಣನ ಹೆಂಡತಿಯೆಂದು ನಾನು ಅವರನ್ನು ವೈನಿ ಎನ್ನುತ್ತಿದ್ದೆ. ಹೆಣ್ಣುಮಗಳು ಏನು ಫೋಟೋ ತೆಗೆದಾಳು ಎಂದು ನಕ್ಕವರೇ ಆಮೇಲೆ ಅವರನ್ನು ಕರೆಯತೊಡಗಿದರು. ಯಾಕೆಂದರೆ ಅವರ ಮುಂದೆ ಮನೆಯ ಹೆಂಗಸರು ಸೆರಗು ಸರಿಸಿ, ಮುಖ ಎತ್ತಿ ನಿಲ್ಲುತ್ತಿದ್ದರು.

ನಾನು ಅವರನ್ನು ನೋಡುತ್ತಿದ್ದೆ. ಇಷ್ಟೇ ಹೇಳಬಲ್ಲೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೆ ಕತ್ತಲಲ್ಲಿದ್ದ ನನ್ನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಹಾಗೆ ನೋಡುತ್ತಲೇ ಕಣ್ಣಿನ ವಿಷಯ ಗೊತ್ತಾಯಿತು. ಗಿರಾಕಿಗಳಿಂದ ಬಂದ ಚೀಟಿಯನ್ನು ದೂರ ಹಿಡಿಯುವರು. ಆಮೇಲೆ, ಕೈಯಲ್ಲಿ ಕೆಲಸವಿದೆ ಎಂಬಂತೆ, "ನೀನ ಓದೋ" ಎನ್ನುವರು. ಬಿ.ಎ. ಕಲಿತವರಿಗೆ ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳುತ್ತಿದ್ದೆ. ಚಾಳೀಸು, ಅಂದರೆ ಕನ್ನಡಕ, ಹಾಕಿಕೊಂಡರೆ ಗಿರಾಕಿ ಬಿಟ್ಟು ಹೋಗುತ್ತಾರೆಂಬ ಹೆದರಿಕೆ ಅವರಿಗೆ. ಅವರು ಮುಚ್ಚಿಟ್ಟದ್ದನ್ನು ನಾನೂ ಮುಚ್ಚಿಟ್ಟೆ.

ಡಿಜಿಟಲ್ ಬಂದರೆ ಕತ್ತಲ ಖೋಲಿ ಮುಚ್ಚುತ್ತದೆ. ಖೋಲಿ ಮುಚ್ಚಿದರೆ ನನಗೆ ಆ ಹೊಸ್ತಿಲಲ್ಲಿ ಏನು ಕೆಲಸ? ಅಂಗಡಿಯವನ ಮಾತು ಕೇಳಿದ ಕೂಡಲೇ ನನಗೆ ಹೊಳೆದದ್ದು ಇದೇ: ಮೋಟರಿಲ್ಲದ ಕ್ಯಾಮೆರಾಕ್ಕೆ ಒಬ್ಬನ ಕಣ್ಣು ಬೇಕು.

ಎಸ್ಟಿ ಬಸ್ಸಿನಲ್ಲಿ ಮರಳುವಾಗ ಅವರು ಕ್ಯಾಮೆರಾದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬದಿಗೆ ಕೂತಿದ್ದರು.

"ಇನ್ನ ನಿನ್ನ ಕತ್ತಲ ಖೋಲಿಗಿ ಕೀಲಿ ಹಾಕೂದ ನೋಡು" ಎಂದರು.

"ಹಾಕ್ರಿ."

"ಸಿಟ್ಟ ಬಂತೇನು?"

"ಮೂವತ್ತು ವರ್ಷ ಕತ್ತಲಾಗ ಕುಂತೀನ್ರಿ. ಈಗರೆ ಬೆಳಕಿಗಿ ಬರ್ತೀನಿ."

"ಬಂದು ಏನ ಮಾಡಾಂವ?"

"ನಿಮ್ಮ ಬ್ಯಾಗ್ ಹೊರತೀನಿ."

"ಬ್ಯಾಗ್ ಹೊರಸಲಾಕ ನಾ ಏನ ಮುದುಕಿ ಆಗೀನೇನೋ?"

"ನೀವು ಮುದುಕಿ? ನಿಮ್ಮನ್ನ ನೋಡಿದ್ರ..."

"ನೋಡಿದ್ರ ಏನು?" ಅವರು ಪೂರ್ತಿ ತಿರುಗಲಿಲ್ಲ. ಕಿವಿಯ ಪಕ್ಕದ ನರೆಗೂದಲು ಗಾಳಿಗೆ ಹಾರುತ್ತಿತ್ತು. ಕಣ್ಣ ತುದಿಯಲ್ಲಿ ನಗು ಇತ್ತೋ, ಬಿಸಿಲಿತ್ತೋ.

"ಏನಿಲ್ರಿ. ಡಫಳಾಪುರ ಬಂತು."

"ಡಫಳಾಪುರ ನನ್ನ ಮುಖದಾಗ ಬಂತೇನು?" ಎಂದು ಅವರು ನಕ್ಕರು. ಆ ನಗುವಿನ ಮೇಲೆ ನಾನು ಜತ್ತದವರೆಗೆ ಬಂದೆ.

ಮರುದಿನ ಬಟನ್ ಒತ್ತಿ ನೋಡಿ, "ಇದು ತಾನ ತಿರಗವಲ್ದಲ್ಲೋ" ಎಂದರು.

"ಡಿಜಿಟಲ್‌ಕ್ಕ ಹಾಕಿದ್ರ ಹಳೀ ಲೆನ್ಸ್ ಎಲ್ಲಾ ಹಿಂಗರಿ. ನಾ ತಿರಗಿಸಿ ಕೊಡ್ತೀನಿ" ಎಂದೆ.

ಇದು ಸುಳ್ಳು.

ಐದು ತಿಂಗಳು ಒಟ್ಟಿಗೆ ತಿರುಗಿದೆವು. ಕುಣಿಕೋಣೂರದ ಸೀಮಂತ, ಜತ್ತದ ಮದುವೆಗಳು, ಸಾಲಿಯ ಗ್ರೂಪ್ ಫೋಟೋ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಮೊದಲು ನಾನು ಕಣ್ಣಿಡುತ್ತಿದ್ದೆ. ಲೆನ್ಸಿನ ರಿಂಗು ತಿರುಗಿಸಿ, ಕೂತವರ ರೆಪ್ಪೆಗೂದಲು ಎಣಿಸುವಷ್ಟು ಚೊಕ್ಕಟವಾದ ಮೇಲೆ ಬದಿಗೆ ಸರಿಯುತ್ತಿದ್ದೆ. ನಾನು ಕಣ್ಣಿಟ್ಟಲ್ಲೇ ಅವರು ಕಣ್ಣಿಡುತ್ತಿದ್ದರು. ಮುಂದಿನ ಫೋಟೋಕ್ಕೆ ನಾನು ಬಾಗಿದಾಗ ಕಣ್ಣಿಡುವಲ್ಲಿನ ರಬ್ಬರು ಅವರ ಕೆನ್ನೆಯಿಂದ ಬೆಚ್ಚಗಿರುತ್ತಿತ್ತು. ನನಗೆ ಅಷ್ಟೇ ಸಾಕಿತ್ತು. ದೇವರಾಣೆ, ಅದಕ್ಕಿಂತ ಹೆಚ್ಚು ಬೇಕೆನಿಸಲಿಲ್ಲ.

ಒಂದು ಸಲ ಇಬ್ಬರೂ ಒಮ್ಮೆಲೇ ಬಾಗಿ ತಲೆಗೆ ತಲೆ ತಾಗಿತು.

"ಇನ್ನೊಮ್ಮೆ ಬಡಸ್ಕೋ, ಇಲ್ಲಾಂದ್ರ ಕೋಡು ಬರ್ತಾವ" ಎಂದು ಮದುವೆಮನೆಯಲ್ಲಿ ಎಲ್ಲರ ಎದುರಿಗೇ ಹಣೆ ತಂದು ಮೆಲ್ಲಗೆ ತಾಗಿಸಿದರು. ಆ ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಚಳಿಗಾಲಕ್ಕೆ ಮುಂಚೆ ನಮ್ಮ ಅಕ್ಕನ ಮನೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕೆಲಸವಿತ್ತು. ನಾನು ಉಟಗಿಗೆ ಹೋಗಿದ್ದೆ. ಬೆಳಿಗ್ಗೆ ವೈನಿಯ ಫೋನು ಬಂತು.

"ಸೋನ್ಯಾಳದ ಮಲ್ಲಿನಾಥನ ಅವ್ವ ಹೋಗ್ಯಾಳಂತೋ, ಮಲಕವ್ವ. ಕೂಡ್ರಿಸ್ಯಾರಂತ. ನೀ ಎಷ್ಟೊತ್ತಿಗಿ ಬರ್ತಿ?"

ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ತೊಳೆದು, ಹಣೆತುಂಬ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಅಂಗಳದಲ್ಲಿ ಕುರ್ಚಿಗೆ ಒರಗಿಸಿ ಕೂಡ್ರಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಸುತ್ತ ನಿಲ್ಲುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ಆಗಲೇಬೇಕು. ಎಷ್ಟೋ ಮುದುಕಿಯರಿಗೆ ಅದೇ ಮೊದಲ ಫೋಟೋ.

"ಬಸ್ ಮಧ್ಯಾಹ್ನ ಅದರಿ. ತಡೀರಿ" ಎಂದೆ.

"ಹೆಣ ತಡೀತದೇನೋ? ನಾ ಒಬ್ಬಾಕಿನ ಹೋಗಿ ಬರ್ತೀನಿ. ಒಂದು ರಿಂಗ ತಿರಗಸೂದು ಏನ ದೊಡ್ಡ ವಿದ್ಯಾ?"

ನಿಮಗೆ ಕಾಣುವುದಿಲ್ಲ, ಬೇರೆ ಸ್ಟುಡಿಯೋದವರನ್ನು ಕಳಿಸಿ ಎಂದು ಅಲ್ಲೇ ಹೇಳಬಹುದಾಗಿತ್ತು. ಕೈಯಲ್ಲಿ ಕುರಿಯ ಕಾಲು ಹಿಡಿದು ನಿಂತಿದ್ದೆ. "ಹುಷಾರ್ರಿ" ಎಂದೆ. ಫೋನು ಇಟ್ಟೆ.

ಮರುದಿನ ಜತ್ತಕ್ಕೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಹನ್ನೆರಡು ಫೋಟೋ. ಮೊದಲನೆಯದು ತೆರೆಯಿತು. ಮಲಕವ್ವನ ಹಿಂದೆ ದೂರದಲ್ಲಿದ್ದ ಗೋಡೆಯ ಸುಣ್ಣದ ಒಂದೊಂದು ಬಿರುಕೂ ಕಾಣುತ್ತಿತ್ತು. ಮುಂದೆ ಕೂತವಳಿಗೆ ಮುಖವಿರಲಿಲ್ಲ. ಹಿಟ್ಟು ಉದುರಿದ ಹಾಗೆ ಒಂದು ಬಿಳಿ, ಅದರ ಕೆಳಗೆ ಹಸಿರು ಸೀರೆ. ಎರಡನೆಯದೂ ಹಾಗೇ. ಹನ್ನೆರಡೂ ಹಾಗೇ.

"ಚಲೋ ಬಂದಾವಲ್ಲ?" ವೈನಿ ಹಿಂದಿನಿಂದ ಕೇಳಿದರು. "ಕ್ಯಾಮೆರಾದ ಸಣ್ಣ ಪರದೆದಾಗ ನೋಡೀನಿ. ಚಲೋ ಕಂಡ್ವು."

ನಾನು ಕುರ್ಚಿ ಬದಿಗೆ ಎಳೆದುಕೊಂಡೆ. ಅವರು ಮುಂದೆ ಬಾಗಿದರು. ಆಮೇಲೆ ಹಿಂದೆ ಸರಿದರು, ಚೀಟಿ ಓದುವಾಗ ಮಾಡುವ ಹಾಗೆ. ಸರಿದಲ್ಲೇ ನಿಂತರು.

"ಇದ್ಯಾಕೋ ಹಿಂಗ?"

"ಫೋಕಸ್ ತಪ್ಪ್ಯಾದ್ರಿ."

"ಎಲ್ಲಾನೂ?"

"ಎಲ್ಲಾನೂ."

"ಮಣ್ಣು ಮಾಡಿ ಬಂದಾರ ಆಕಿನ್ನ" ಎಂದರು, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ಮುಖ ಕೆಂಪಾಯಿತು. "ಆ ಮಿರಜದಾಂವ ಮೋಸ ಮಾಡ್ಯಾನ. ಕೆಟ್ಟ ಮಾಲು ಕೊಟ್ಟಾನ. ಫೋನ್ ಹಚ್ಚಿ ಕೊಡ, ಕೇಳ್ತೀನಿ."

ಅವನಿಗೆ ಬೈಗುಳ ಬೀಳುವುದನ್ನು ಕೇಳಿ ಸುಮ್ಮನಿದ್ದಿದ್ದರೆ ನನ್ನ ಜಾಗ ಉಳಿಯುತ್ತಿತ್ತು. ಇನ್ನೂ ಎಷ್ಟೋ ವರ್ಷ ಉಳಿಯುತ್ತಿತ್ತು. ಪರದೆಯ ಮೇಲೆ ಮಲಕವ್ವ ಹಾಗೇ ಕೂತಿದ್ದಳು.

"ಅವನ ತಪ್ಪಲ್ರಿ" ಎಂದೆ. "ತಾನ ಫೋಕಸ್ ಮಾಡೂ ಬಾಡಿನೂ ಅಂವ ತೋರ್ಸಿದ್ದ. ನಮ್ಮ ಲೆನ್ಸ್ ಅದಕ್ಕೂ ಕೂಡತಿತ್ತು. ನಿಮ್ಮ ಕಣ್ಣಿಗೆ ಅದ ಬೇಕಿತ್ತು. ನಾ ಹೇಳಲಿಲ್ಲ."

"ಯಾಕ?"

"ಹೇಳಿದ್ರ ನಾ ಬ್ಯಾಡಾಗ್ತಿದ್ದೆ."

ಅವರು ನನ್ನ ಕಡೆ ತಿರುಗಿ ನೋಡಿದರು. ಅಷ್ಟು ನೇರವಾಗಿ ಎಂದೂ ನೋಡಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನನಗ ಕಾಣಂಗಿಲ್ಲ ಅನ್ನೂದು ಯಾವಾಗಿಂದ ಗೊತ್ತದ ನಿನಗ?"

"ಮೂರು ವರ್ಷ ಆತ್ರಿ."

"ಮೂರು ವರ್ಷ ಚೀಟಿ ಓದಿ ಓದಿ ಹೇಳ್ದಿ" ಎಂದರು. "ಒಂದ ಸಲ, ಚಾಳೀಸ ಹಾಕೋರಿ ಅನ್ನಲಿಲ್ಲ. ನಾನೂ ಹಾಕ್ಕೊಳ್ಳಲಿಲ್ಲ. ಇಬ್ಬರೂ ಕೂಡಿ ಆಕಿ ಮುಖ ಅಳಸಿದ್ವಿ."

ಮೂರನೆಯ ದಿನ ಮಲ್ಲಿನಾಥ ಬಂದ. ನಲವತ್ತು ದಾಟಿದ ಗಂಡಸು, ಹೆಗಲ ಮೇಲೆ ಟವೆಲ್. "ನೀ ಹೇಳು" ಎಂದರು ವೈನಿ. ಒಳಗೆ ಹೋಗಲಿಲ್ಲ, ಅಲ್ಲೇ ನಿಂತರು. ನಾನು ಹೇಳಿದೆ. ನನ್ನ ತಪ್ಪು ಎಂದೆ.

"ಸಣ್ಣದರೆ ತಗೀರಿ. ಮುಖ ಅಷ್ಟ" ಎಂದ. ಫೋಟೋ ಎಷ್ಟು ಕೆಟ್ಟಿದೆ ಎಂದು ಅವನಿಗಿನ್ನೂ ತಿಳಿದಿರಲಿಲ್ಲ.

"ಮುಖಾನ ಬಂದಿಲ್ಲಪಾ."

ಅವನು ಪರದೆ ನೋಡಿದ. ಎಲ್ಲ ಹನ್ನೆರಡನ್ನೂ ತಿರುಗಿಸಿ ನೋಡಿದ.

"ವೋಟಿನ ಕಾರ್ಡಿನ್ಯಾಗ ಒಂದು ಅದ. ಅದು ನಮ್ಮವ್ವ ಅಂತ ನನಗ ಗುರ್ತ ಸಿಗಂಗಿಲ್ಲ" ಎಂದ. "ಜೀವ ಇರೂತನಕ ಫೋಟೋಕ್ಕ ನಿಲ್ಲು ಅಂದ್ರ ಓಡಿ ಹೋಗ್ತಿದ್ದಳ್ರಿ. ಒಮ್ಮಿ ಕುಂತಿದ್ದಳು. ಅಲ್ಲಾಡಲಾರದ ಕುಂತಿದ್ದಳು."

ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಾಲ್ಕನೆಯದನ್ನು ತೋರಿಸಿದ. "ಇದ ದೊಡ್ಡದ ಮಾಡಿ ಕೊಡ್ರಿ. ಸೀರಿ ಬಣ್ಣರೆ ಬಂದದ."

ನಾನು ಮಾಡಿ ಕೊಟ್ಟೆ. ಅವನು ಅದನ್ನು ಎದೆಗೆ ಹಿಡಿದುಕೊಂಡು ಹೋದ.

ಮರುದಿನ ವೈನಿ ಒಬ್ಬರೇ ಮಿರಜಕ್ಕೆ ಹೋದರು. ಮರಳಿದಾಗ ಕಣ್ಣಿಗೆ ಚಾಳೀಸು ಇತ್ತು, ಬ್ಯಾಗಿನಲ್ಲಿ ಒಂದು ಹೊಸ ಲೆನ್ಸು. ಅದರ ಹೊಟ್ಟೆಯೊಳಗೇ ಮೋಟರು. ಯಾವ ಬಾಡಿಗೆ ಯಾವುದು ಕೂಡುತ್ತದೆ, ಕೂಡಿದರೂ ಏನು ಕೆಲಸ ಮಾಡುವುದಿಲ್ಲ, ಎಲ್ಲವನ್ನೂ ಅಂಗಡಿಯವನಿಂದ ಬರೆಸಿಕೊಂಡು ಬಂದಿದ್ದರು. ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಓದಿಕೊಂಡರು.

ಮೊದಲ ಗಿರಾಕಿ ಬರುವ ಮುಂಚೆ ಸ್ಟೂಲು ತೋರಿಸಿ, "ಕುಂದರು" ಎಂದರು.

"ಯಾಕ್ರಿ?"

"ಮೂವತ್ತು ವರ್ಷ ಊರ ಮಂದಿ ಮುಖ ತೊಳದಿ. ನಿಂದೊಂದು ಫೋಟೋ ಈ ಮನ್ಯಾಗ ಇಲ್ಲ."

ಕೂತೆ. ಅವರು ಕ್ಯಾಮೆರಾದ ಹಿಂದೆ ಬಾಗಿದರು.

"ನನ್ನ ಸಂಗಾಟ ಇರಬೇಕಂತಿದ್ದರ ಬಾಯಿ ಬಿಟ್ಟ ಕೇಳಬೇಕಿತ್ತು, ವಿಠೋಬಾ."

"ಕೇಳಿದ್ರ ಹೂಂ ಅಂತಿದ್ರೇನ್ರಿ?"

ಲೆನ್ಸಿನೊಳಗಿನ ಮೋಟರು ಸಣ್ಣಗೆ ಗುರುಗುಟ್ಟಿ ನಿಂತಿತು.

"ಅಂತಿದ್ದೆ" ಎಂದರು. "ಮಂದಿ ಏನರೆ ಅನ್ನಲಿ, ಅಂತಿದ್ದೆ. ನೀ ಕೇಳ್ತಿ ಅಂತ ಬಸ್ಸಿನ್ಯಾಗ ದಾರಿ ನೋಡೀನಿ. ನೀ ಡಫಳಾಪುರ ತೋರಿಸ್ದಿ."

"ಈಗ?"

"ಈಗ ಇಲ್ಲ. ನೀ ಲೆನ್ಸ್ ಕೂಡತದ ಅಂದಿ, ನಾ ನಂಬಿದೆ. ಇನ್ನ ಮ್ಯಾಲ ನೀ ನೀರ ಕಾದದ ಅಂದ್ರೂ ನಾ ಕೈ ಇಟ್ಟ ನೋಡಬೇಕು. ಹಂಗ ಬಾಳೇ ಮಾಡಲಾಕ ಆಗಂಗಿಲ್ಲ." ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟರು. "ಲೆನ್ಸ್ ನೋಡು."

ಲೆನ್ಸಿನ ಮೇಲ್ಗಡೆ, ಕ್ಯಾಮೆರಾ ಮರೆಮಾಡದ ಜಾಗದಲ್ಲಿ, ಅವರ ಹಣೆ ಕಾಣುತ್ತಿತ್ತು. ನಾನು ಅದನ್ನೇ ನೋಡಿದೆ. ಬಟನ್ ಒತ್ತಿದರು.

ಬಂದು ಪರದೆ ತೋರಿಸಿದರು. ಗಡ್ಡದ ಒಂದೊಂದು ಬಿಳಿಕೂದಲೂ ಕಾಣುತ್ತಿತ್ತು. ಕಣ್ಣು ಮಾತ್ರ ಬೇರೆ ಕಡೆ ಇತ್ತು. ಎಲ್ಲಿ ನೋಡುತ್ತಿದೆ ಎಂದು ಯಾರಾದರೂ ಹೇಳುವಷ್ಟು ಸ್ಪಷ್ಟವಾಗಿ.

"ಲೆನ್ಸ್ ನೋಡಂದ್ರ ನನ್ನ ನೋಡೀದಿ."

"ಹೂಂರಿ. ಅಳಸಿ ಇನ್ನೊಂದು ತಗೀರಿ. ಡಿಜಿಟಲ್‌ದಾಗ ಅಳಸಲಾಕ ಬರ್ತದ."

"ಬರ್ತದ" ಎಂದರು.

ಅಳಿಸಲಿಲ್ಲ. ಕ್ಯಾಮೆರಾ ಆರಿಸಿ, ಚಾಳೀಸು ತೆಗೆದು ಸೆರಗಿನ ತುದಿಯಿಂದ ಒರೆಸುತ್ತ ನಿಂತರು.

"ಸಾಮಾನ ಕಟ್ಕೊಂಡು ಎರಡರ ಬಸ್ಸಿಗಿ ಹೋಗು" ಎಂದರು. "ಉಟಗಿ ಮುಟ್ಟೂದ್ರಾಗ ಬಿಸಲ ಇಳಿತದ."